ನನ್ನನ್ನು ನೋಡಿ ಹೋದ ಸಾವಿರ ವರಮಹಾಶಯರಿಗೆ

ಮಾನ್ಯರೇ,

ಉಪ್ಪಲ್‌ನ ನಮ್ಮ ಕಂಪನಿಯ ವಧೂವರರ ಜಾಲತಾಣ ಏಕಕಾಲಕ್ಕೆ ಎಷ್ಟು ಜನರನ್ನು ತಾಳಿಕೊಂಡೀತೆಂದು ತಿಳಿಯಲು ಪರೀಕ್ಷಾ ತಂತ್ರಾಂಶವು ಹುಟ್ಟಿಸಿದ, ಗೋತ್ರ, ನಕ್ಷತ್ರ, ಸಂಬಳ ಯಾವುದರ ಗೊಡವೆಯೂ ಇಲ್ಲದ ತಮ್ಮೆಲ್ಲರ ಪಾದಗಳಿಗೆ, ಅವು ಇದ್ದ ಪಕ್ಷದಲ್ಲಿ, ಪರೀಕ್ಷಕಿ ಸಂಪದಾಳ ಅನಂತ ನಮಸ್ಕಾರಗಳು.

ಕಳೆದ ಸೋಮವಾರ ತಾವು ಸಾವಿರ ಜನರೂ ಒಟ್ಟಿಗೇ ದಯಮಾಡಿಸಿ ನನ್ನೊಬ್ಬಳ ಪುಟವನ್ನೇ ನೋಡಿ ಕೃತಾರ್ಥಳನ್ನಾಗಿಸಿದಿರಿ. ತಾಣ ಎಲ್ಲರಿಗೂ ತೆರೆಯುವ ಮುನ್ನವೇ ಸಿಬ್ಬಂದಿಯ ಮನೆಯವರಿಗೆ ನೋಂದಣಿ ಉಚಿತವೆಂದು ನಮ್ಮ ತಂದೆ ಪ್ರಹ್ಲಾದರಾಯರು ನನ್ನನ್ನು ಅದೇ ತಾಣಕ್ಕೆ ಏರಿಸಿದ್ದರು. ಪರೀಕ್ಷೆಗೆ ಒಬ್ಬ ವಧುವಿನ ನೋಂದಣಿ ಸಂಖ್ಯೆ ಬೇಕಾದಾಗ ನನಗೆ ಬಾಯಿಪಾಠವಾಗಿದ್ದದ್ದು ನನ್ನದೇ. ಆದರೆ ಅದೇ ಹೊತ್ತಿಗೆ ಹಿಮಾಯತ್‌ನಗರದ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ನಮ್ಮ ಅಜ್ಜಿ ಗೋದಾಬಾಯಿಯವರು, 'ಇಂದು ನಿಮ್ಮನ್ನು ನೋಡಿದವರು' ಎಂಬಲ್ಲಿ ಸಾವಿರ ಕಂಡು ತುಪ್ಪದ ದೀಪ ಹಚ್ಚಿ, ಮೇಲ್ಮಹಡಿಯ ತೆಲುಗು ಮಂದಿಗೂ ಶಿರಾ ಹಂಚಿಬಿಟ್ಟರು. ಸಂಜೆಯಾದರೂ ತಮ್ಮಲ್ಲೊಬ್ಬರೂ ಜಾತಕ ಕೇಳದಿದ್ದಾಗ, "ಸಾವಿರ ಮಂದಿ ನೋಡಿ ಹೋದ್ರು, ಒಬ್ಬನ ಬಾಯಾಗೂ ಹೂಂ ಇಲ್ಲ, ಉಹೂಂ ಇಲ್ಲ, ಎಂಥಾ ಮಂದಿ ಅಂತೀನಿ!" ಎಂದು ಊಟ ಬಿಟ್ಟರು. ನನಗೆ ನಿಜಕ್ಕೂ ಕೆಡುಕೆನಿಸಿತು.

ತಮ್ಮ ನಡವಳಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ವರದಿಯ ಪ್ರಕಾರ ತಾವು ಸರಾಸರಿ ಒಂದು ಸೆಕೆಂಡೂ ಕಾಯಲಿಲ್ಲ, ಒಬ್ಬರೂ ಬರಿಗೈಯಲ್ಲಿ ಮರಳಲಿಲ್ಲ. ನಮ್ಮ ಮ್ಯಾನೇಜರ್ ಸುಶಾಂತರು, "ಭಾಳ ಛಲೋ ಬಂದದ, ಸಹಿ ಮಾಡ್ರಿ, ಅಕ್ಷಯ ತದಿಗಿಗೆ ತೆರದೇ ಬಿಡೋಣು" ಎಂದರು. ಪೆನ್ನಿನ ಮುಚ್ಚಳ ತೆಗೆದ ಮೇಲೂ ನಾನು, ಯಾರು ಏನು ಕೇಳಿದರು, ಎಷ್ಟು ಕಾದರೆಂದು ಬರೆದಿಡುವ ಸರ್ವರಿನ ಲಾಗ್ ಮೇಲೆ ಒಮ್ಮೆ ಕಣ್ಣಾಡಿಸಿದೆ. ಊರಿಗೇ ಒಂದು ದಾರಿ, ಎಡವಟ್ಟನಿಗೇ ಒಂದು ದಾರಿ ಎಂಬಂತೆ ಅಲ್ಲೊಬ್ಬ ಹೊರಗಿನ ಅತಿಥಿ ಕಂಡರು: ಒಬ್ಬ ವರನ ಪುಟಕ್ಕಾಗಿ ಮುಕ್ಕಾಲು ನಿಮಿಷ ಕಾದು, ಮತ್ತೊಬ್ಬನನ್ನು ಕೇಳಿ ಬೈಸಿಕೊಂಡವರಂತೆ ಹಿಂತಿರುಗಿ, ಆದರೂ ಮೂರನೆಯವನನ್ನು ಕೇಳಿದವರು. "ಸಾವಿರದಾಗ ಒಂದು ಹೋದ್ರ ಏನಾತ್ರಿ, ಸರಾಸರಿ ನೋಡ್ರಿ!" ಎಂದರು ಸುಶಾಂತರು. ವಿಳಾಸ ನೋಡಿದರೆ ನಮ್ಮ ಮನೆಯದೇ. ಕಾದವರು ನನಗೆ ವರ ಹುಡುಕುತ್ತಿದ್ದ ನಮ್ಮ ಅಜ್ಜಿ.

ಆಗ ತಮ್ಮ ಚುರುಕಿನ ಗುಟ್ಟು ತಿಳಿಯಿತು. ನನ್ನ ಪುಟವನ್ನು ಸರ್ವರ್ ಒಮ್ಮೆ ಹುಡುಕಿ ತೆಗೆದು, ಕೈಯಲ್ಲೇ ಹಿಡಿದುಕೊಂಡು, ತಮಗೆಲ್ಲ ಅದನ್ನೇ ತೋರಿಸುತ್ತಿತ್ತು. ಅಜ್ಜಿ ಕೇಳಿದ ಒಬ್ಬೊಬ್ಬನನ್ನೂ ಹೊಸದಾಗಿ ಹುಡುಕುವಾಗ ಮಾತ್ರ ಏದುಸಿರು ಬಿಡುತ್ತಿತ್ತು. ನಾನು ಸಹಿ ಹಾಕಲಿಲ್ಲ. ಮರುದಿನ ತಮಗೆ ಒಬ್ಬೊಬ್ಬರಿಗೂ ಬೇರೆ ಬೇರೆ ವಧುವನ್ನು ತೋರಿಸಹೊರಟಾಗ, ಇನ್ನೂರು ಜನ ಒಳಬರುವುದರೊಳಗೆ ಸರ್ವರ್ ಅಂಗಾತ ಬಿತ್ತು. ತಾಣ ತೆರೆಯುವುದು ಮುಂದೆ ಹೋಯಿತು, ಸುಶಾಂತರು ಚಹಾದ ಹೊತ್ತಿಗೆ ನನ್ನತ್ತ ತಿರುಗಿಯೂ ನೋಡುತ್ತಿಲ್ಲ. ಹಬ್ಬದ ಬೆಳಿಗ್ಗೆ ಊರೂರಿನ ಅಜ್ಜಿಯರೆಲ್ಲ ಖಾಲಿ ಪರದೆ ನೋಡುತ್ತ ಕೂರುವುದು ತಪ್ಪಿತಲ್ಲ ಎಂದು ನನಗಂತೂ ಸಂತೋಷವೇ ಆಗಿದೆ.

ಆದುದರಿಂದ ಮುಂದಿನ ಪರೀಕ್ಷೆಗೆ ಬರುವಾಗ ತಾವು ಸ್ವಲ್ಪ ಮನುಷ್ಯರಾಗಿ ಬರಬೇಕೆಂದು ವಿನಂತಿ. ಬೇಸತ್ತು ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿರಿ, ನಡುವೆ ಇರಾನಿ ಚಹಾಕ್ಕೆ ಎದ್ದು ಹೋಗಿರಿ, ತಾಯಿಯ ಮಾತು ಕೇಳಿ ಮನಸ್ಸು ಬದಲಿಸಿರಿ. ಸಾಧ್ಯವಾದರೆ ಒಬ್ಬರಾದರೂ ನಾಚಿಕೊಳ್ಳಿರಿ.

ತಮ್ಮೆಲ್ಲರನ್ನೂ ಒಟ್ಟಿಗೇ ನಿರಾಕರಿಸಿಯೂ,
ತಮ್ಮ ವಿಶ್ವಾಸಿ,
ಸಂಪದಾ

ತಾ.ಕ.: ತಾವು ಯಾರೂ ನಿಜದವರಲ್ಲವೆಂದು ಅಜ್ಜಿಗೆ ತಿಳಿಸಿದೆ. "ಹಂಗಂದ್ರ ನಮ್ಮ ಹುಡುಗೀನ ಯಾರೂ ಬ್ಯಾಡ ಅಂದಿಲ್ಲ!" ಎಂದು ಮತ್ತೆ ಶಿರಾ ಮಾಡಿದರು. ಇನ್ನು ಮುಂದೆ ನಿಜವಾದ ವರ ಯಾರಾದರೂ ಬರುವುದಿದ್ದರೆ, ನನಗಾಗಿ ಮುಕ್ಕಾಲು ನಿಮಿಷ ಕಾದವರೊಬ್ಬರು ಈಗಾಗಲೇ ಮನೆಯಲ್ಲಿದ್ದಾರೆಂದು ತಿಳಿದೇ ಬರಲಿ. ಅಷ್ಟೂ ಕಾಯಲಾರದವರು ತಮ್ಮ ಸಾವಿರ ಜನರ ಸಾಲಿನಲ್ಲೇ ನಿಲ್ಲಲಿ.