ಮಗ ಐಸಿನ ಮೇಲೆ, ನನ್ನ ಜೀವ ಬಾಯಲ್ಲಿ

ನಾನು ಹುಟ್ಟಾ ಪುಕ್ಕಲ. ಲಿಫ್ಟಿಗೆ ಹೆದರ್ತೇನೆ, ಬೆಕ್ಕಿಗೆ ಹೆದರ್ತೇನೆ, ಆಫೀಸಿನಲ್ಲಿ ಮ್ಯಾನೇಜರು "ಒಂದು ನಿಮಿಷ ಬನ್ನಿ" ಅಂದ್ರೆ ಮನಸ್ಸಲ್ಲೇ ಸೂಟ್‌ಕೇಸ್ ಕಟ್ತೇನೆ. ಇಂಥವನಿಗೇ ಇಂಥದ್ದೆಲ್ಲ ಆಗ್ತಾ ಇರ್ತದೆ ಮಾರಾಯ್ರೆ. ಧೈರ್ಯಸ್ಥರ ಮನೆ ಕಡೆ ಅದು ತಲೆ ಹಾಕಿಯೂ ಮಲಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾವು ಉಡುಪಿ ಕಡೆಯವರು, ದುಬೈಯ ಸತ್ವಾದಲ್ಲಿ ಒಂದು ಹಳೆ ವಿಲ್ಲಾದ ಎರಡು ರೂಮಿನಲ್ಲಿ ಇದ್ದೆವು. ನನಗೆ ಅಲ್ ಕೂಜಿನ ಒಂದು ಗೋಡೌನಿನ ಆಫೀಸಿನಲ್ಲಿ ಕೆಲಸ. ಒಬ್ಬನೇ ಮಗ, ದುಬೈಯಲ್ಲೇ ಕಾಲೇಜಿಗೆ ಸೇರಿದ. ಆ ಕಾಲೇಜಿಗೆ ಒಂದು ಐಸ್ ಹಾಕಿ ಟೀಮ್ ಇತ್ತು. ಹೊರಗೆ ಬಿಸಿಲಿಗೆ ಕಾರಿನ ಸ್ಟಿಯರಿಂಗ್ ಮುಟ್ಟಲಿಕ್ಕೆ ಆಗದ ಊರಿನಲ್ಲಿ ಐಸ್ ಹಾಕಿ! ಆ ಟೀಮಿನ ಒಂದು ಮ್ಯಾಚನ್ನೂ ಬಿಡದೆ ನೋಡಿದ ಅಭಿಮಾನಿ ನಾನೊಬ್ಬನೇ. ಎಲ್ಲರೂ ಪ್ರೀತಿಯಿಂದ ಅಂತ ತಿಳಿದಿದ್ರು. ಶುರುವಾದದ್ದು ಹೆದರಿಕೆಯಿಂದ.

೧. ರಕ್ತ

ನಮ್ಮ ಮಗ ಮಾತಾಡುವವನಲ್ಲ. ಹತ್ತು ಮಾತು ಕೇಳಿದ್ರೆ ಒಂದು "ಓಕೆ". ಸ್ಕೂಲಲ್ಲಿ ಒಬ್ಬ ಗೆಳೆಯ ಅಂತ ಇರಲಿಲ್ಲ. ಅಂಥವನು ಕಾಲೇಜಿಗೆ ಸೇರಿದ ಸ್ವಲ್ಪ ದಿನಕ್ಕೆ, ಊಟಕ್ಕೆ ಕೂತಾಗ, ತಾನಾಗಿಯೇ ಬಾಯಿ ಬಿಟ್ಟ.

"ಪಪ್ಪಾ, ಐ ಆಮ್ ಇನ್ ದ ಟೀಮ್. ಗೋಲ್‌ಕೀಪರ್."

"ಭಲೇ! ಹೇಗೆ ಸೆಲೆಕ್ಟ್ ಮಾಡಿದ್ರು?"

"ನೋಬಡಿ ಎಲ್ಸ್ ವಾಂಟೆಡ್ ಟು."

ಯಾಕೆ ಯಾರಿಗೂ ಬೇಡ ಅಂತ ಮೊದಲ ಮ್ಯಾಚಿನಲ್ಲೇ ಗೊತ್ತಾಯ್ತು. ಈ ಆಟದಲ್ಲಿ ಚೆಂಡು ಇಲ್ಲ. ಪಕ್ ಅಂತ ಒಂದು ರಬ್ಬರಿನ ಬಿಲ್ಲೆ. ತೂತಿಲ್ಲದ ಉದ್ದಿನ ವಡೆಯ ಹಾಗೆ ಇರ್ತದೆ, ಕಪ್ಪು, ಕಲ್ಲಿನಷ್ಟು ಗಟ್ಟಿ. ಅದನ್ನು ಎದುರಿನವರು ಕೋಲಿನಿಂದ ಬೀಸಿ ಹೊಡೀತಾರೆ. ಬೇರೆಯವರು ಅದು ಬಂದ್ರೆ ತಪ್ಪಿಸ್ಕೊಳ್ಳಬಹುದು. ಗೋಲ್‌ಕೀಪರ್ ಮಾತ್ರ ಹುಡುಕಿಕೊಂಡು ಹೋಗಿ ಅದಕ್ಕೆ ಅಡ್ಡ ನಿಲ್ಲಬೇಕು.

ನಮ್ಮ ಮನೆಯವಳು ಆ ಮ್ಯಾಚಿನ ಫೋಟೋ ನೋಡಿಯೇ ಕುಸಿದು ಕೂತಳು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ತೀರ್ಪು ಕೊಟ್ಟಳು. "ಆಡ್ಲಿ. ಆದ್ರೆ ಒಂದು ಹನಿ ರಕ್ತ ಬಂದ್ರೆ ಅವತ್ತಿಗೆ ಹಾಕಿ ಖಲಾಸ್. ನೀವು ಪ್ರತಿ ಮ್ಯಾಚಿಗೂ ಹೋಗ್ಬೇಕು, ಕಣ್ಣು ಬಿಟ್ಟು ನೋಡ್ಬೇಕು, ನನಗೆ ಸುಳ್ಳು ಹೇಳ್ಬಾರ್ದು."

ಮಗ ನನ್ನ ಮುಖ ನೋಡಿದ. ಟೀಮಿಗೆ ಬೇರೆ ಗೋಲ್‌ಕೀಪರ್ ಇಲ್ಲ, ಅವನಿಗೆ ಬೇರೆ ಗೆಳೆಯರಿಲ್ಲ. ಒಪ್ಪಿದೆ.

ಅವಳು ಮ್ಯಾಚಿಗೆ ಬರ್ತಿರಲಿಲ್ಲ. ಮನೆಯಿಂದ ನನ್ನ ಮೊಬೈಲಿಗೆ ಫೋನ್ ಮಾಡ್ತಿದ್ದಳು. ಹಲೋ ಗಿಲೋ ಏನೂ ಇಲ್ಲ.

"ರಕ್ತ?"

"ಇಲ್ಲ."

ಕಟ್. ಸ್ವಲ್ಪ ಹೊತ್ತಿಗೆ ಮತ್ತೆ, "ರಕ್ತ?" "ರಕ್ತ ಇಲ್ಲ." ಇಡೀ ಮ್ಯಾಚು ಹೀಗೆ. ನನ್ನ ಪಕ್ಕದಲ್ಲಿ ಲಖನೌ ಕಡೆಯ ಒಬ್ಬರು ಹಿರಿಯರು, ಮೊಮ್ಮಗಳ ಸ್ಕೇಟಿಂಗ್ ಕ್ಲಾಸಿಗೆ ಕಾಯ್ತಾ ಕೂತಿದ್ರು. ಕನ್ನಡ ಬಾರದಿದ್ರೂ ರಕ್ತ ಅಂದ್ರೆ ಅವರಿಗೆ ಗೊತ್ತು. ಇಲ್ಲ, ಇಲ್ಲ ಅಂತ ನಾನು ತಲೆ ಆಡಿಸುವುದೂ ಕಾಣ್ತಿತ್ತು. ಫೋನ್ ಇಟ್ಟು ನಾನು ಎದೆ ನೀವಿಕೊಳ್ಳುವುದನ್ನು ಎಷ್ಟು ಸಲ ಅಂತ ನೋಡ್ತಾರೆ ಪಾಪ. ಕೊನೆಗೆ ತಡೀಲಿಕ್ಕೆ ಆಗದೆ ಎದ್ದು ನಿಂತು ಶರ್ಟಿನ ತೋಳು ಮೇಲೆ ಮಡಚಿದ್ರು.

"ಭಾಯಿಸಾಬ್, ಮೇರಾ ಓ ಪಾಸಿಟಿವ್ ಹೈ. ಚಲಿಯೇ, ಕೌನ್‌ಸಾ ಹಾಸ್ಪಿಟಲ್?"

೨. ವೀಸಾ

ಐಸ್ ರಿಂಕಿನ ಒಳಗೆ ಅಷ್ಟು ಚಳಿ ಇರ್ತದೆ ಅಂತ ನಮಗೆಂತ ಗೊತ್ತು? ಮೊದಲ ಮ್ಯಾಚಿಗೆ ಅರ್ಧ ತೋಳಿನ ಶರ್ಟು, ಚಪ್ಪಲಿಯಲ್ಲಿ ಹೋಗಿ ಹಲ್ಲು ಕಟಕಟ ಕಡಿದು ಬಂದವನು, ಎರಡನೇ ಮ್ಯಾಚಿಗೆ ಊರಿಗೆ ತಗೊಂಡು ಹೋಗ್ಲಿಕ್ಕೆ ಅಂತ ಇಟ್ಟಿದ್ದ ದೊಡ್ಡ ಕಂಬಳಿ ಹೊದ್ದುಕೊಂಡು ಹೋದೆ. ಗಲ್ಫಿನಿಂದ ಬಂದವರ ಮನೆಯಲ್ಲಿ ನೀವು ನೋಡಿರ್ತೀರಿ, ಮಧ್ಯದಲ್ಲಿ ಬಾಯಿ ತೆರೆದ ಹುಲಿಯ ಚಿತ್ರ ಇರುವಂಥದ್ದು. ಪಕ್ಕದಲ್ಲಿ ನಮ್ಮ ಟೀಮಿನ ಕ್ಯಾಪ್ಟನ್ನಿನ ಅಮ್ಮ, ಕೆನಡಾದ ಹೆಂಗಸು, ತೆಳು ಅಂಗಿಯಲ್ಲಿ ಆರಾಮಾಗಿ ಕೂತು ಐಸ್‌ಕ್ರೀಮ್ ತಿಂತಿದ್ರು.

ಆಟದ ಮಧ್ಯೆ ನಮ್ಮವನೊಬ್ಬ, ಎದುರಿನವನೊಬ್ಬ ಕೈಗವಸು ಕಿತ್ತು ಬಿಸಾಡಿ ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡ್ರು. ಗುದ್ದಾಟ ಶುರು. ಕೆನಡಾದಲ್ಲಿ ಇದಕ್ಕೆ ಚಪ್ಪಾಳೆ ಹೊಡೀತಾರಂತೆ. ಆಯಮ್ಮ ಹೊಡೆದ್ರು ಕೂಡಾ. ನನಗೆ ಗೊತ್ತಿದ್ದದ್ದು ಇಷ್ಟೇ: ಇಲ್ಲಿ ಹೊಡೆದಾಟ ಅಂದ್ರೆ ಪೋಲೀಸು, ಪೋಲೀಸು ಅಂದ್ರೆ ಊರಿನ ವಿಮಾನ. ನಮ್ಮ ಗೋಡೌನಿನಲ್ಲಿ ಜಗಳ ಮಾಡುವುದಾದ್ರೂ ನಾವು ಎರಡೂ ಕೈ ಹಿಂದೆ ಕಟ್ಟಿಕೊಂಡೇ ಮಾಡುವುದು. ದೂರದಿಂದ ನೋಡಿದವರಿಗೆ ಪ್ರಾರ್ಥನೆಯ ಹಾಗೆ ಕಾಣ್ತದೆ.

ಕಂಬಳಿ ಸಮೇತ ಎದ್ದು ನಿಂತೆ. "ನೋ ಫೈಟಿಂಗ್! ವೀಸಾ ಕ್ಯಾನ್ಸಲ್! ವೀಸಾ ಕ್ಯಾನ್ಸಲ್!"

ಹೊಡೆದಾಡ್ತಿದ್ದ ಇಬ್ಬರೂ ಕಾಲರ್ ಬಿಡದೆ ತಲೆ ಎತ್ತಿ ನೋಡಿದ್ರು. ಮೇಲೆ ಒಂದು ಹುಲಿ ನಿಂತು ಕೂಗ್ತಾ ಉಂಟು. ರೆಫ್ರಿ ಇಬ್ಬರನ್ನೂ ಪೆನಾಲ್ಟಿ ಬಾಕ್ಸಿಗೆ ಕಳಿಸಿದ. ಅದು ಐಸಿನ ಬದಿಯಲ್ಲೇ ಇರುವ ಗಾಜಿನ ಗೂಡು, ತಪ್ಪು ಮಾಡಿದವರನ್ನು ಸ್ವಲ್ಪ ಹೊತ್ತು ಅದರೊಳಗೆ ಕೂರಿಸ್ತಾರೆ. ನಾನು ಕಂಬಳಿ ತಲೆ ಮೇಲೆ ಎಳ್ಕೊಂಡವನು ಆಟ ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಮುಂದಿನ ಮ್ಯಾಚಿನಲ್ಲಿ ಎದುರು ಪಾರ್ಟಿಯ ಹುಡುಗನೊಬ್ಬ ಆ ಗೂಡಿಗೆ ಹೋಗುವಾಗ ನಮ್ಮ ಬದಿಯಿಂದ ತಾಳ ಹಾಕಿಕೊಂಡು ಒಂದೇ ಕೂಗು. "ವೀಸಾ ಕ್ಯಾನ್ಸಲ್! ವೀಸಾ ಕ್ಯಾನ್ಸಲ್!" ಹೇಳಿಕೊಡ್ತಿದ್ದದ್ದು ಕೆನಡಾದ ಅಮ್ಮ, ನನ್ನ ಕಡೆ ಕೈ ತೋರಿಸಿಕೊಂಡು. ಆ ಹುಡುಗ ನಮ್ಮ ಕಂಪನಿ ಮ್ಯಾನೇಜರ ಮಗ ಅಂತ ಆಮೇಲೆ ಗೊತ್ತಾಯ್ತು. ಮ್ಯಾನೇಜರೂ ಅಲ್ಲೇ ಇದ್ದರಂತೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ, "ಒಂದು ನಿಮಿಷ ಬನ್ನಿ" ಅಂದ್ರು. ಹೋದೆ. ಬಾಗಿಲು ಹಾಕಿ ಅಂದ್ರು. ಹಾಕಿದೆ. ಕಾಲು ನಡುಗುವುದು ಕಾಣಬಾರದು ಅಂತ ಕುರ್ಚಿ ಹಿಡ್ಕೊಂಡೆ, ಈಗ ಕುರ್ಚಿಯೂ ನಡುಗ್ಲಿಕ್ಕೆ ಶುರುವಾಯ್ತು. ಅವರು ಮುಂದೆ ಬಗ್ಗಿ ಮೆಲ್ಲ ಕೇಳಿದ್ರು.

"ಆ ಹುಲಿ ಕಂಬಳಿ ಎಲ್ಲಿ ಸಿಗ್ತದೆ? ನನ್ನ ಹೆಂಡತಿಗೂ ಅಲ್ಲಿ ತುಂಬ ಚಳಿಯಂತೆ."

೩. ಒಣಮೀನು

ಗೋಲ್‌ಕೀಪರಿನ ಬ್ಯಾಗಿನಲ್ಲಿ ಒಬ್ಬ ಮನುಷ್ಯ ಮಲಗಬಹುದು. ಕಾಲಿಗೆ ಹಾಸಿಗೆಯಂಥ ಪ್ಯಾಡು, ಎದೆಗೆ ಕವಚ, ತಲೆಗೆ ಕಬ್ಬಿಣದ ಸರಳಿನ ಹೆಲ್ಮೆಟ್. ಆಡಿ ಬಂದ ಮೇಲೆ ಅದರ ಬೆವರಿನ ವಾಸನೆ ಉಂಟಲ್ಲ, ಶತ್ರುವಿಗೂ ಬೇಡ. ಒಂದು ಸಲ ನಮ್ಮವಳು ಎಲ್ಲವನ್ನೂ ಟೆರೇಸಿನಲ್ಲಿ ಒಣಗಲಿಕ್ಕೆ ಹರಡಿ ಬಂದಳು. ಮಧ್ಯಾಹ್ನಕ್ಕೆ ಇಡೀ ವಿಲ್ಲಾದಲ್ಲಿ ಸುದ್ದಿ: ಉಡುಪಿಯವರು ಒಣಮೀನು ಹಾಕಿದ್ದಾರೆ.

ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದ್ರೆ ವಿಲ್ಲಾ ನೋಡಿಕೊಳ್ಳುವವರು ಮೂಗಿಗೆ ಕರ್ಚೀಫು ಹಿಡ್ಕೊಂಡು ಬಂದು, "ಇನ್ನೊಮ್ಮೆ ಮೀನು ಒಣಗಿಸಿದ್ರೆ ರೂಮು ಖಾಲಿ ಮಾಡಿ" ಅಂದ್ರು. ಸತ್ವಾದಲ್ಲಿ ಇನ್ನೊಂದು ರೂಮು ಹುಡುಕುವುದು ನೆನೆಸಿಯೇ ನನಗೆ ಬೆವರು ಬಂತು. ಮೀನೇ ಅಲ್ಲ ಅಂತ ಹೇಳುವ ಧೈರ್ಯವೂ ಆಗಲಿಲ್ಲ. "ಇನ್ನು ಒಣಗಿಸುವುದಿಲ್ಲ" ಅಂದೆ.

ಅವರು ಅತ್ತ ಹೋದದ್ದೇ, ಹಿಂದಿನ ರೂಮಿನ ಮಲಯಾಳಿ ಅಕ್ಕ, ಎಲ್ಲರ ಚೇಚಿ, ಇತ್ತ ಬಂದ್ರು. ಎರಡೂ ಕಡೆ ನೋಡಿ, ಸೆರಗಿನ ಅಡಿಯಿಂದ ಒಂದು ತಟ್ಟೆ ತೆಗೆದ್ರು.

"ಊರು ಬಿಟ್ಟ ಮೇಲೆ ಇಷ್ಟು ಒಳ್ಳೆ ಪರಿಮಳ ಇವತ್ತೇ ಬಂದದ್ದು. ನಮಗೂ ಒಂದೆರಡು ತುಂಡು ಕೊಡಿ."

೪. ಬನಿಯಾಸ್ ಹತ್ತಿರ

ಅಬುಧಾಬಿಯಲ್ಲಿ ಒಂದು ಮ್ಯಾಚು. ಹುಡುಗರೆಲ್ಲ ಬಸ್ಸಿನಲ್ಲಿ ಹೋದ್ರು. ಮಗನ ಬ್ಯಾಗಿಗೆ ಮಾತ್ರ ಬಸ್ಸಿನಲ್ಲಿ ಜಾಗ ಸಾಲದೆ, ಅದು ನನ್ನ ಕಾರಿನ ಡಿಕ್ಕಿಗೆ ಬಂತು. ನಾನು ಹೊತ್ತಿಗೆ ಮುಟ್ಟದಿದ್ರೆ ಅವನು ಬನಿಯನ್ನಿನಲ್ಲಿ ಪಕ್ಕಿನ ಎದುರು ನಿಲ್ಲಬೇಕು. ಆಮೇಲೆ ಮನೆಯಿಂದ ಫೋನ್ ಬರ್ತದೆ, "ರಕ್ತ?"

ಆ ಹೈವೇಯಲ್ಲಿ ಎಲ್ಲರೂ ಹಾರ್ತಾರೆ. ನಾನು ನಿಧಾನ ಹೋಗುವವರ ಬಲಗಡೆಯ ಲೈನಿನಲ್ಲಿ, ಮದುವೆ ದಿಬ್ಬಣದ ಹಾಗೆ ಹೋಗ್ತಿದ್ದೆ. ಅಬುಧಾಬಿ ಮುಟ್ಟುವ ಮೊದಲು ಸಿಗುವ ಬನಿಯಾಸ್ ಹತ್ತಿರ ಪೋಲೀಸರು ಕೈ ತೋರಿಸಿದ್ರು. ಆ ದೇಶದಲ್ಲಿ ಜೋರು ಹೋದವರನ್ನು ಹಿಡಿಯುವುದು ಕೇಳಿದ್ದೇನೆ, ನಿಧಾನ ಹೋದದ್ದಕ್ಕೆ ನಿಲ್ಲಿಸಿದ್ದು ನನ್ನೊಬ್ಬನನ್ನೇ ಇರಬೇಕು. ಡಿಕ್ಕಿ ತೆಗೀರಿ ಅಂದ್ರು. ತೆಗೆದೆ. ಸರಳಿನ ಮುಖವಾಡ, ಹೊಳೆಯುವ ಅಲಗಿನ ಶೂ, ದಪ್ಪ ಕೋಲು.

"ಎಂತ ಇದು?"

"ಐಸ್ ಹಾಕಿ."

ಅವರು ಸುತ್ತಲಿನ ಮರಳು ನೋಡಿದ್ರು. ಆಮೇಲೆ ಸೂರ್ಯನನ್ನು ನೋಡಿದ್ರು. "ಐಸ್?"

"ಐಸ್" ಅಂದೆ. ನನಗೆ ಬರುವ ಅರಬ್ಬಿ ಅಂದ್ರೆ ಯಲ್ಲಾ, ಖಲಾಸ್, ಮಾಫಿ: ನಡಿ, ಮುಗೀತು, ಇಲ್ಲ. ಈ ಮೂರರಲ್ಲಿ ಯಾವುದು ಹೇಳಿದ್ರೂ ಕೆಲಸ ಕೆಡ್ತಿತ್ತು. ಬಾಯಿಂದ ಆಗದ್ದನ್ನು ಮಾಡಿ ತೋರಿಸುವ ಅಂತ ಹೆಲ್ಮೆಟ್ ಹಾಕಿದೆ, ಕವಚ ತೊಟ್ಟೆ, ಪ್ಯಾಡು ಕಟ್ಟಿ, ಕೋಲು ಹಿಡಿದು, ರಸ್ತೆ ಬದಿಯ ಮರಳಲ್ಲಿ ಮೊಣಕಾಲು ಬಗ್ಗಿಸಿ ನಿಂತೆ. ಒಳಗೆ ಇಡ್ಲಿ ಹಾಗೆ ಬೇಯ್ತಾ ಇದ್ದೇನೆ. ಪೋಲೀಸಿನವರು ಒಂದು ಹೆಜ್ಜೆ ಹಿಂದೆ ಸರಿದ್ರು. ಯೋಚನೆ ಮಾಡಿದ್ರು. ಆಮೇಲೆ ಒಂದು ಖಾಲಿ ನೀರಿನ ಬಾಟಲಿ ಕೆಳಗೆ ಇಟ್ಟು ನನ್ನ ಕಡೆ ಒದ್ದರು.

ತಡೆದೆ. ಅವರಿಗೆ ನಗು ಬಂತು. ಜೊತೆಯವರನ್ನು ಕರೆದ್ರು. ಅವರೂ ಒದ್ದರು. ಅದನ್ನೂ ತಡೆದೆ. ಹೆದರಿಕೆಯಲ್ಲಿ ಮೈ ಎಷ್ಟು ಚುರುಕಾಗ್ತದೆ ಅಂತ ಆವತ್ತು ಗೊತ್ತಾಯ್ತು. ಕೊನೆಗೆ ಬೆನ್ನು ತಟ್ಟಿ, ಕುಡೀಲಿಕ್ಕೆ ತಣ್ಣನೆ ನೀರು ಕೊಟ್ಟು, "ಯಲ್ಲಾ, ಸ್ವಲ್ಪ ಫಾಸ್ಟ್ ಹೋಗಿ" ಅಂತ ಕಳಿಸಿದ್ರು.

ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಆ ಮ್ಯಾಚಿನಲ್ಲಿ ಮಗ ಒಂಬತ್ತು ಗೋಲು ಬಿಟ್ಟ. ನಾನು ಬನಿಯಾಸಿನಲ್ಲಿ ಒಂದೂ ಬಿಟ್ಟಿರಲಿಲ್ಲ.

೫. ಆಯುಧಪೂಜೆ

ಮರುವರ್ಷದ ಆಯುಧಪೂಜೆ ದುಬೈಯ ರಜಾ ದಿನ ಶುಕ್ರವಾರವೇ ಬಂತು, ಅವತ್ತೇ ಮ್ಯಾಚು. ಅಲ್ಲಿವರೆಗೆ ನಮ್ಮ ಟೀಮ್ ಒಂದು ಮ್ಯಾಚೂ ಗೆದ್ದಿರಲಿಲ್ಲ, ಮಗನಿಗೆ ಒಂದು ಹನಿ ರಕ್ತವೂ ಬಂದಿರಲಿಲ್ಲ. ನನಗೆ ಅಷ್ಟೇ ಸಾಕಿತ್ತು. ಅವನು ಈಗ ಊಟಕ್ಕೆ ಕೂತ್ರೆ ಟೀಮಿನ ಸುದ್ದಿ ಹೇಳಿ ಮುಗಿಸ್ತಿರಲಿಲ್ಲ.

ಬೆಳಿಗ್ಗೆ ನಮ್ಮವಳು ಕಾರು, ಮಿಕ್ಸಿ, ಗ್ರೈಂಡರು, ಕಂಪ್ಯೂಟರು, ಎಲ್ಲದಕ್ಕೂ ಪೂಜೆ ಮಾಡಿ ಬಂದವಳು ಬ್ಯಾಗಿನ ಎದುರು ನಿಂತಳು.

"ಕಾಲಿಗೆ ಕತ್ತಿ ಕಟ್ಟಿಕೊಂಡು ಆಡುವುದು. ಇದು ಆಯುಧ ಅಲ್ಲದೆ ಮತ್ತೆಂತದು?"

ಹೆಲ್ಮೆಟಿಗೆ ಕುಂಕುಮ ಇಟ್ಟು ಹೂ ಮುಡಿಸ್ಲಿಕ್ಕೆ ಹೋದಳು. "ಅಮ್ಮಾ, ಪ್ಲೀಸ್, ನೋ ಫ್ಲವರ್ಸ್" ಅಂದ ಮಗ. "ಹೂ ಬೇಡದಿದ್ರೆ ಕುಂಕುಮ ಜಾಸ್ತಿ ಹಚ್ತೇನೆ" ಅಂತ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಳಿದಳು. "ಇವತ್ತು ನಾನೂ ಬರ್ತೇನೆ. ಇಷ್ಟು ಪೂಜೆ ಆದ ಮೇಲೆ ಏನೂ ಆಗುವುದಿಲ್ಲ."

ಬಂದಳು. ರೇಷ್ಮೆ ಸೀರೆ ಉಟ್ಟು, ಕಂಬಳಿ ಹೊದ್ದು, ನನ್ನ ಪಕ್ಕ ಕೂತು ಕಣ್ಣು ಮುಚ್ಚಿದಳು.

"ನೋಡ್ಲಿಕ್ಕೆ ಬಂದದ್ದಲ್ವಾ?" ಕೇಳಿದೆ.

"ಇರ್ಲಿಕ್ಕೆ ಬಂದದ್ದು. ನೋಡ್ಲಿಕ್ಕೆ ನೀವಿದ್ದೀರಲ್ಲ."

ಆ ದಿನ ಎಂತ ಆಯ್ತೋ, ನಮ್ಮವರು ಒಂದು ಗೋಲು ಹೊಡೆದ್ರು. ಎದುರಿನವರದ್ದು ಸೊನ್ನೆ. ಆಟ ಮುಗೀಲಿಕ್ಕೆ ಇನ್ನು ಸ್ವಲ್ಪವೇ ಉಂಟು. ಮಗ ಸೆಕೆ ತಾಳದೆ ಬಾಟಲಿಯ ನೀರು ಹೆಲ್ಮೆಟಿನ ಮೇಲೆಯೇ ಸುರಿದುಕೊಂಡ. ಅಷ್ಟರಲ್ಲಿ ಎದುರಿನವನು ನುಗ್ಗಿ ಬಂದು ಬೀಸಿದ. ಪಕ್ ನೇರ ಅವನ ಮುಖಕ್ಕೆ. ಠಣ್! ಮಗ ಮೊಣಕಾಲೂರಿದ. ಬಿಳಿ ಐಸಿನ ಮೇಲೆ ಕೆಂಪು ತೊಟ್ಟಿಕ್ಕಿತು, ಹರಡಿತು.

ಬೆಳಗಿನ ಪೂಜೆ ಆ ಹೊತ್ತಿಗೆ ನೆನಪಿಗೆ ಬರಲಿಕ್ಕೆ ನಾನೇನು ಧೈರ್ಯಸ್ಥನಾ?

"ಠಣ್ ಅಂತ ಕೇಳಿತಲ್ಲ, ಎಂತದು?" ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ರಕ್ತ?"

ಒಂದು ವರ್ಷದಿಂದ ಹೇಳಿದ "ಇಲ್ಲ" ಇವತ್ತು ನಾಲಗೆಗೆ ಬರಲೊಲ್ಲದು. ಟೀಮು ಹೋಯ್ತು, ಗೆಳೆಯರು ಹೋದ್ರು, ಇನ್ನು ಊಟದ ಹೊತ್ತಿಗೆ ಬರೀ "ಓಕೆ". ಕೆಳಗೆ ರೆಫ್ರಿ ವಿಸಿಲ್ ಊದಿದ. ಫಸ್ಟ್ ಏಡ್‌ನವನು ಪೆಟ್ಟಿಗೆ ಹಿಡ್ಕೊಂಡು ಸಾದಾ ಶೂನಲ್ಲೇ ಓಡಿ ಬಂದವನು, ನಿಲ್ಲಲಿಕ್ಕೆ ಆಗದೆ, ಮಗನನ್ನು ದಾಟಿ, ಜಾರ್ತಾ ಜಾರ್ತಾ ಆಚೆ ಗೋಡೆಗೆ ಹೋಗಿ ಬಡಿದ. ಅವನನ್ನು ಎತ್ತಲಿಕ್ಕೆ ಇನ್ನಿಬ್ಬರು ಓಡಿದ್ರು.

ಅವಳು ಕಣ್ಣು ಬಿಟ್ಟಳು. ಎದ್ದು ನಿಂತಳು. ಈಗ ಕಣ್ಣು ಮುಚ್ಚುವ ಸರದಿ ನನ್ನದು.

"ಹೋಯ್!" ಅಂತ ಕೇಳಿಸಿತು. "ಅದು ರಕ್ತ ಅಲ್ಲ ಮಾರಾಯ್ರೇ, ಕುಂಕುಮ! ನಾನೇ ಹಚ್ಚಿದ್ದು!"

ರೆಫ್ರಿಗೆ ಅರ್ಥ ಆಗಲಿಲ್ಲ. ಮಗ ಹೆಲ್ಮೆಟ್ ತೆಗೆದು ಜೋರಾಗಿ ಹೇಳಿದ, "ಐ ಆಮ್ ಫೈನ್! ಇಟ್ಸ್ ಜಸ್ಟ್ ಮೈ ಮದರ್!"

ಐಸ್ ಉಜ್ಜಿದ್ರು. ಉಜ್ಜಿದಷ್ಟೂ ಕೆಂಪು ದೊಡ್ಡದಾಯ್ತು. ಅದನ್ನು ಕೆರೆದು ತೆಗೆದು ಮುಗಿಸುವಾಗ ರೆಫ್ರಿಗೆ ತಾಳ್ಮೆ ಮುಗಿದಿತ್ತು. ಗೋಲ್‌ಕೀಪರಿನಿಂದ ಆಟ ತಡವಾಯ್ತು ಅಂತ ಎರಡು ನಿಮಿಷ ಪೆನಾಲ್ಟಿ ಕೊಟ್ಟ. ಗೋಲ್‌ಕೀಪರ್ ತಾನೇ ಹೋಗಿ ಕೂರುವ ಹಾಗಿಲ್ಲ, ಅವನ ಬದಲು ಟೀಮಿನ ಇನ್ನೊಬ್ಬ ಕೂರಬೇಕು. ಕೆನಡಾದ ಅಮ್ಮನ ಮಗ, ನಮ್ಮ ಕ್ಯಾಪ್ಟನ್ನು, ಮುಖ ಚಿಕ್ಕದು ಮಾಡಿ ಗಾಜಿನ ಗೂಡಿಗೆ ಹೋದ.

"ಆ ಹುಡುಗ ಎಂತ ಮಾಡಿದ?" ಕೇಳಿದಳು.

"ಏನಿಲ್ಲ. ನಮ್ಮವನ ಬದಲಿಗೆ."

"ಹಚ್ಚಿದ್ದು ನಾನು, ಕೂರುವುದು ಯಾರದ್ದೋ ಮಗನಾ? ಚೆಂದ ಉಂಟು ನ್ಯಾಯ!"

ಸೀರೆ ಎತ್ತಿ ಹಿಡಿದು ಮೆಟ್ಟಿಲು ಇಳಿದಳು. "ಹೋಗ್ಬೇಡ ಮಾರಾಯ್ತಿ, ಅಲ್ಲಿ ಪರ್ಮಿಷನ್ ಇಲ್ಲ, ಎಲ್ಲರೂ ನೋಡ್ತಾರೆ" ಅಂತ ನಾನು ಕಂಬಳಿಯ ತುದಿ ಹಿಡಿದೆ. ಕಂಬಳಿ ನನ್ನನ್ನೂ ಎಳ್ಕೊಂಡು ಹೋಯ್ತು. ಗೂಡಿನ ಹಿಂದಿನ ಬಾಗಿಲು ತೆಗೆದು ಹುಡುಗನ ಪಕ್ಕ ಕೂತೇಬಿಟ್ಟಳು. ರೆಫ್ರಿ ಬಂದು ಬಾಯಿ ತೆರೆದ. ಅವಳು ಎರಡು ಬೆರಳು ತೋರಿಸಿದಳು, ಎರಡು ನಿಮಿಷ, ಗೊತ್ತುಂಟು ಅಂತ. ಅವನು ಬಾಯಿ ಮುಚ್ಚಿದ. ಅವನಿಗೂ ಮನೆಯಲ್ಲಿ ಅಮ್ಮ ಇರಬೇಕು.

ಹುಡುಗನಿಗೆ ಅರ್ಧ ಕಂಬಳಿ ಹೊದೆಸಿ, ಪರ್ಸಿನಿಂದ ಪಂಚಕಜ್ಜಾಯದ ಪೊಟ್ಟಣ ತೆಗೆದು ಅವನ ಕೈಗೆ ಹಾಕಿದಳು. ನಮ್ಮ ಕಡೆ ಒಬ್ಬ ಕಮ್ಮಿ, ಎದುರಿನವರೆಲ್ಲ ಒಟ್ಟಿಗೆ ಮೇಲೆ ಬಿದ್ರು. ಯಾರೋ ಹೊಡೆದ ಪಕ್ ಹಾರಿ ಬಂದು ಸರಿಯಾಗಿ ಅವಳ ಮುಖದ ಎದುರಿನ ಗಾಜಿಗೆ ಬಡಿಯಿತು. ಢಂ! ನನ್ನ ಕಣ್ಣು ತಾನಾಗಿ ಮುಚ್ಚಿತು.

ಬಿಟ್ಟು ನೋಡ್ತೇನೆ, ಅವಳು ಎದ್ದು ನಿಂತು ಗಾಜಿಗೆ ಮೂಗು ಒತ್ತಿಕೊಂಡಿದ್ದಾಳೆ. ಎರಡೂ ಕಣ್ಣು ಇಷ್ಟು ದೊಡ್ಡದು. ಬಳೆಯಲ್ಲಿ ಗಾಜು ಕುಟ್ಟಿ ಕೂಗ್ತಿದ್ದಾಳೆ, "ಎಡಗಡೆ ಮಗಾ, ಎಡಗಡೆ! ಆ ಉದ್ದದವನನ್ನು ನಂಬಬೇಡ!" ಮಗ ಎಡಕ್ಕೆ ಬಿದ್ದ. ಪಕ್ ಅವನ ಪ್ಯಾಡಿಗೆ ಬಡಿದು ಆಚೆ ಹೋಯ್ತು.

ಎರಡು ನಿಮಿಷ ಆಯ್ತು. ಕ್ಯಾಪ್ಟನ್ನು ಬಾಯಿಯಲ್ಲಿ ಪಂಚಕಜ್ಜಾಯ ಇಟ್ಟುಕೊಂಡೇ ಐಸಿಗೆ ಹಾರಿದ. ರೆಫ್ರಿ ಬಾಗಿಲಲ್ಲಿ ನಿಂತು, ತುಂಬಾ ಮರ್ಯಾದೆಯಿಂದ, "ಮ್ಯಾಡಮ್, ಯುವರ್ ಟೈಮ್ ಈಸ್ ಓವರ್" ಅಂದ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಸ್ವಲ್ಪ ಇರಿ," ಅಂದಳು, "ಇಲ್ಲಿಂದ ಒಳ್ಳೆ ಕಾಣ್ತದೆ."