ನಮ್ಮವರ ಮೂಗು, ನನ್ನ ಹೂಮೀನು

ಎಪ್ಪತ್ತು ದಾಟಿದ ಹೆಂಗಸು ಗಂಡನಿಗೆ ಹೇಳದೆ ಹೋಟೆಲಿಗೆ ಹೋಗಲು ಶುರುಮಾಡಿದರೆ, ಏನೇನು ಆಗಬಾರದೋ ಅದೆಲ್ಲ ಸರದಿಯಲ್ಲಿ ನಿಂತು ಆಗುತ್ತದೆ. ನನಗೆ ಆದವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ಆಗುವಾಗ ಒಂದಕ್ಕೂ ನಗು ಬಂದಿರಲಿಲ್ಲ. ಬಿ.ಪಿ. ಮಾತ್ರ ಬಂದಿತ್ತು.

೧. ದೀಪದ ಮುಂದೆ ಕೊಟ್ಟ ಮಾತು

ನಾನು ಕುಂದಾಪುರದ ಕಡೆಯವಳು. ಹೊಳೆ ಸಮುದ್ರ ಸೇರುವ ಜಾಗದಲ್ಲಿ ನಮ್ಮ ಮನೆ. ಹಲ್ಲು ಬರುವ ಮೊದಲೇ ಮೀನು ತಿಂದವಳು. ನಮ್ಮವರು ಮೈಸೂರಿನವರು. ಬೆಳ್ಳುಳ್ಳಿಯನ್ನೂ ಹೊಸಿಲಾಚೆಯೇ ನಿಲ್ಲಿಸುವ ಮನೆತನ. ಕಾಲೇಜಿನಲ್ಲಿ ಪರಿಚಯವಾಗಿ, ಹಟ ಹಿಡಿದು ಮದುವೆಯಾದೆವು. ಅತ್ತೆ ನನ್ನನ್ನು ದೇವರ ದೀಪದ ಮುಂದೆ ನಿಲ್ಲಿಸಿ ಒಂದೇ ಒಂದು ಮಾತು ಕೇಳಿದರು.

"ಮೀನು ಬಿಡ್ತೀನಿ ಅನ್ನು. ಕದ್ದು ತಿಂದ್ರೂ ಗೊತ್ತಾಗುತ್ತೆ ಕಣಮ್ಮ. ನನ್ನ ಮಗನ ಮೂಗು ಪೊಲೀಸ್ ನಾಯಿ ಮೂಗು."

ಹೆತ್ತವರ ಹೊಗಳಿಕೆ ಇರಬೇಕು ಅಂದುಕೊಂಡೆ. ಅಲ್ಲ. ಆ ಮೂಗನ್ನು ನಂಬಿ ನ್ಯೂ ಜೆರ್ಸಿಯ ಕಂಪನಿಯೊಂದು ಇವರನ್ನು ಅಮೆರಿಕಕ್ಕೇ ಕರೆಸಿಕೊಂಡಿತು. ಸೋಪು, ಶಾಂಪೂ, ಬಿಸ್ಕತ್ತುಗಳಿಗೆ ಪರಿಮಳ ಕೂಡಿಸುವ ಕಂಪನಿ. ರಿಟೈರ್ ಆಗುವವರೆಗೆ ಇವರು ಪರಿಮಳ ಹಚ್ಚಿದ ಕಾಗದದ ಪಟ್ಟಿ ಮೂಸಿ ಸಂಸಾರ ಸಾಕಿದರು. ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಅಡಿಪಾಯ ಹಾಕಿದ್ದೇ ಆ ಮೂಗು.

ಎಲ್ಲಿ ಪಾರ್ಟಿಯಾದರೂ ಇವರು ನನ್ನನ್ನು ತೋರಿಸಿ ಹೇಳುತ್ತಾರೆ: "ಸಮುದ್ರದ ಪಕ್ಕ ಹುಟ್ಟಿದೋಳು. ನನಗೋಸ್ಕರ ಮೀನು ಬಿಟ್ಟಳು. ಒಂದು ದಿನ ಕೇಳಿದ್ದಿಲ್ಲ!" ಹಾಗೆ ಹೇಳುವಾಗ ಇವರ ಮುಖ ನೋಡಬೇಕು, ಮದುವೆ ಗಂಡಿನದೇ ಮುಖ. ಆ ಮುಖ ಬಾಡಬಾರದು. ನನ್ನ ಹೆದರಿಕೆ ಅದೊಂದೇ. ಉಳಿದ ಪಾಪಪುಣ್ಯವನ್ನು ದೇವರ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ.

ನಲವತ್ತು ವರ್ಷ ಮಾತು ಉಳಿಸಿಕೊಂಡೆ. ಆಮೇಲೆ ಎಡ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಫಿಸಿಕಲ್ ಥೆರಪಿಗೆ ಬರೆದುಕೊಟ್ಟರು. ಪ್ರತಿ ಗುರುವಾರ ಮಧ್ಯಾಹ್ನ ಇವರು ಗೆಳೆಯರ ಜೊತೆ ರಾಯರ ಪೂಜೆಗೆ ಹೋದರೆ, ನಾನು ಡ್ರೈವ್ ಮಾಡಿಕೊಂಡು ಥೆರಪಿಗೆ. ಅದರ ಪಕ್ಕದ ಅಂಗಡಿಯೇ ಫಿಲಿಪೀನ್ಸಿನವರ ಪುಟ್ಟ ಹೋಟೆಲು. ಆರು ಮೇಜು, ಒಂದು ಗಾಜಿನ ಕೌಂಟರು. ಒಳಗಿನ ತಟ್ಟೆಗಳಲ್ಲಿ ಬೇಕಾದ್ದನ್ನು ಬೆರಳಿಟ್ಟು ತೋರಿಸಿದರೆ ಬಡಿಸುತ್ತಾರೆ. ಒಂದು ದಿನ ಬಾಗಿಲು ತೆರೆದಿತ್ತು. ಗಾಜಿನ ಹಿಂದೆ, ಎಣ್ಣೆಯಲ್ಲಿ ಕೆಂಪಗೆ ಹುರಿದು ಮಲಗಿತ್ತು ಹೂಮೀನು. ನಮ್ಮ ಹೊಳೆಬಾಯಿಯ ಅದೇ ಹೂಮೀನು. ಅವರು ಅದಕ್ಕೆ ಬಂಗುಸ್ ಅನ್ನುತ್ತಾರೆ. ಅದು ಮಾತ್ರ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿಯಿತು.

ಹನ್ನೆರಡು ಸಲ ಆದಮೇಲೆ ಇನ್ಶೂರೆನ್ಸಿನವರು ಥೆರಪಿ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ.

"ಮೂರು ವರ್ಷ ಆಯ್ತಲ್ಲೇ," ಅಂತ ಇವರು ಈಗಲೂ ಗೊಣಗುತ್ತಿರುತ್ತಾರೆ. "ಆ ಥೆರಪಿಸ್ಟ್‌ಗೆ ಒಂದು ಮೊಣಕಾಲು ರಿಪೇರಿ ಮಾಡೋಕೆ ಬರಲ್ವಾ?"

೨. ಗುರುವಾರದ ಔಷಧಿ

ಹೋಟೆಲಿನ ಮಾಲಕಿ ರಿಟೈರ್ ಆದ ನರ್ಸ್. ಅಡುಗೆ ಅವಳ ಅಣ್ಣನದು. ಇಬ್ಬರೂ ನನ್ನನ್ನು ಲೋಲಾ ಅನ್ನುತ್ತಾರೆ, ಅವರ ಭಾಷೆಯಲ್ಲಿ ಅಜ್ಜಿ. ಅಲ್ಲಿ ಎಲ್ಲರೂ ತಿನ್ನುವುದು ಚಮಚ, ಫೋರ್ಕು ಹಿಡಿದು.

"ಲೋಲಾ, ಕೈ ಯಾಕೆ ವಾಸನೆ ಮಾಡಿಕೊಳ್ಳುತ್ತೀಯ? ಚಮಚ ತಗೋ. ಇಲ್ಲ ಅಂದ್ರೆ ಮುಳ್ಳು ತೆಗೆದ ಮೀನೇ ಇದೆ, ಅದನ್ನ ತಿನ್ನು," ಅಂದಳು ಮಾಲಕಿ.

"ಚಮಚಕ್ಕೆ ಕಣ್ಣಿಲ್ಲ, ಬೆರಳಿಗಿದೆ," ಅಂದೆ. ಹೂಮೀನಿನಲ್ಲಿ ಕೂದಲಿನಂಥ ಮುಳ್ಳು ನೂರಾರು. ಒಂದೊಂದನ್ನೇ ಹುಡುಕಿ ತೆಗೆಯುವುದರಲ್ಲೇ ಅರ್ಧ ರುಚಿ. ಮುಳ್ಳಿಲ್ಲದ ಹೂಮೀನು ಅಂದರೆ ಜಗಳವಿಲ್ಲದ ಸಂಸಾರ. ಎಲ್ಲೋ ಮೋಸವಿದೆ ಅನ್ನಿಸುತ್ತದೆ.

ತಿಂದಾಯಿತು. ಬೆರಳು? ನಿಂಬೆಹಣ್ಣು ತಿಕ್ಕಿದೆ, ಸೋಪು ತಿಕ್ಕಿದೆ, ಹೋಗಲಿಲ್ಲ. ಕೊನೆಗೆ ಊರಿನಲ್ಲಿ ಅಮ್ಮ ಮಾಡುತ್ತಿದ್ದುದು ನೆನಪಾಯಿತು. ಕಾಫಿಪುಡಿ ಹಾಕಿ ತಿಕ್ಕಿದರೆ ಎಂಥ ಮೀನಿನ ವಾಸನೆಯೂ ನಿಲ್ಲುವುದಿಲ್ಲ.

ನಮ್ಮ ಮನೆಯ ಕಾಫಿಪುಡಿ ಮಾತ್ರ ಸಾಮಾನ್ಯದ್ದಲ್ಲ. ಮೈಸೂರಿನಿಂದ ಬರುವವರ ಸೂಟ್‌ಕೇಸಿನಲ್ಲಿ, ಅವರ ಬಟ್ಟೆ ತೆಗೆಸಿ ಜಾಗ ಮಾಡಿಸಿ ತರಿಸಿದ ಪೀಬರಿ. ಇವರು ಬೆಳಿಗ್ಗೆ ಎದ್ದು ಡಬ್ಬಿ ತೆರೆದು, ಕಣ್ಣು ಮುಚ್ಚಿ ಮೂಗಿಗೆ ಹಿಡಿದು, ಏನೂ ಮಾತಾಡದೆ ಮುಚ್ಚಿಡುತ್ತಾರೆ. ಆ ಡಬ್ಬಿಯಿಂದಲೇ ಎರಡು ಚಮಚ ಕದ್ದು, ನನ್ನ ಮಾತ್ರೆ ಡಬ್ಬಿಯ ಗುರುವಾರದ ಖಾನೆಗೆ ತುಂಬುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಇವರು ಆ ಖಾನೆ ತೆರೆದು ನಿಂತಿದ್ದಾರೆ.

"ಇದೇನೇ ಕಂದು ಪುಡಿ?"

"ಆಯುರ್ವೇದ ರೀ. ಮೊಣಕಾಲಿಗೆ."

"ನನಗೂ ಮೊಣಕಾಲು ನೋಯ್ತಿದೆ, ಹೇಳಲ್ವಾ?" ಅಂದವರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಬಿಸಿನೀರು ಕುಡಿದರು. ನಾನು ಉಸಿರು ಹಿಡಿದು ನಿಂತೆ. ಇಪ್ಪತ್ತು ಅಡಿ ದೂರದಿಂದ ಕಾಫಿಯ ತೋಟ ಯಾವುದು ಅಂತ ಹೇಳುವ ಮನುಷ್ಯ! ಈಗ ಸಿಕ್ಕಿಬಿದ್ದೆ, ಈಗ ಕೂಗಾಡುತ್ತಾರೆ, ಈಗ...

"ಕಹಿ ಇದೆ," ಅಂದರು ಮುಖ ಹಿಂಡಿ. "ಒಳ್ಳೇ ಔಷಧಿ."

ಎರಡು ವಾರದಲ್ಲಿ ಅವರ ನೋವು ಮಾಯವಾಯಿತಂತೆ. ಕನ್ನಡ ಸಂಘದ ಮೂವರು ಅಂಕಲ್‌ಗಳಿಗೆ ಶಿಫಾರಸು ಮಾಡಿ ಬಂದರು. ನಾನೀಗ ವಾರಕ್ಕೆ ಐದು ಜನಕ್ಕಾಗುವಷ್ಟು ಕದ್ದು, ಅಂಕಲ್‌ಗಳಿಗೆ ಗುರುತು ಸಿಗದಂತೆ ಶುಂಠಿಪುಡಿ ಬೆರೆಸಬೇಕಾಯಿತು.

೩. ನಿಲ್ಲು, ಏನೋ ವಾಸನೆ

ಒಂದು ಗುರುವಾರ ಆ ಮಾತ್ರೆ ಡಬ್ಬಿಯನ್ನೇ ಮರೆತು ಹೋಗಿದ್ದೆ. ಹೋಟೆಲಿನ ಸೋಪಿನಲ್ಲಿ ಕೈ ತೊಳೆದು, ದಾರಿಯುದ್ದಕ್ಕೂ ಕಾರಿನ ಕಿಟಕಿ ಇಳಿಸಿ, ಚಳಿಯಲ್ಲಿ ಒಂದು ಕೈ ಹೊರಗೆ ಚಾಚಿಕೊಂಡು ಬಂದೆ. ಹಿಂದಿನ ಕಾರಿನವನು ನಾನು ಎಡಕ್ಕೆ ತಿರುಗುತ್ತೇನೆಂದು ಮೂರು ಮೈಲಿ ಕಾದ.

ಇವರು ಆಗಲೇ ಮನೆಯಲ್ಲಿದ್ದರು. ನಾನು ಒಂದು ಶೂ ಬಿಚ್ಚಿದ್ದೆ ಅಷ್ಟೆ.

"ನಿಲ್ಲು."

ನಿಂತೆ, ಒಂಟಿ ಕಾಲಿನಲ್ಲಿ, ಅದೂ ಕೆಟ್ಟ ಕಾಲಿನಲ್ಲಿ.

"ಏನೋ ವಾಸನೆ," ಅಂತ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬೆಳ್ಳುಳ್ಳಿ, ವಿನೆಗರು, ಹೂಮೀನು ಮೂರೂ ನನ್ನ ಸೆರಗಿನಲ್ಲಿದ್ದವು. "ಮಲ್ಲಿಗೆ... ಅಲ್ಲ. ಸ್ವಲ್ಪ ಸೀಬೆಹಣ್ಣು. ಹೊಸ ಹ್ಯಾಂಡ್ ಸೋಪಾ?"

"ಹೌದು ರೀ. ಥೆರಪಿ ಸೆಂಟರಿನದ್ದು."

"ನೋಡಿದ್ಯಾ! ವಯಸ್ಸಾದ್ರೂ ಈ ಮೂಗಿಗೆ ವಯಸ್ಸಾಗಿಲ್ಲ," ಅಂತ ಪೇಪರು ಹಿಡಿದು ಕೂತರು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವರಿಗೆ ಗೊತ್ತಾಗಿದೆ. ಗೊತ್ತಾಗಿಯೇ ಆಟ ಆಡಿಸುತ್ತಿದ್ದಾರೆ. ಅವತ್ತು ಸಂಜೆ ಅಡುಗೆಮನೆಯಲ್ಲಿ ಹಾಲು ಸೀದು ಪಾತ್ರೆ ಇದ್ದಿಲಾಗಿತ್ತು, ಹೊಗೆ ಸೀಲಿಂಗ್ ಮುಟ್ಟಿತ್ತು. ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದವರು ತಲೆ ಎತ್ತಿರಲಿಲ್ಲ. ಅಷ್ಟು ಕೋಪ ಇರಬೇಕು ನನ್ನ ಮೇಲೆ, ಅಂದುಕೊಂಡೆ.

೪. ಕಾರ್ಯದರ್ಶಿಯ ಹಸಿವು

ಮುಂದಿನ ಕಂಟಕ ಕನ್ನಡ ಸಂಘದ ಕಾರ್ಯದರ್ಶಿಯ ರೂಪದಲ್ಲಿ ಬಂತು. ಅವಳಿಗೆ ಭುಜ ನೋವು, ಅದೇ ಥೆರಪಿ ಸೆಂಟರು. ನಾನು ಮೀನಿನ ಬೆನ್ನು ಬಿಡಿಸುತ್ತಿದ್ದೇನೆ, ಗಾಜಿನ ಬಾಗಿಲಿನಾಚೆ ಅವಳ ದೊಡ್ಡ ಕುಂಕುಮ!

ಮಾಲಕಿ ನನ್ನ ಮುಖ ನೋಡಿದ್ದೇ, ಏನೂ ಕೇಳದೆ ಮೀನಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನರ್ಸ್ ಅಂದರೆ ನರ್ಸ್. ನನ್ನ ಮುಂದೆ ಉಳಿದದ್ದು ಬಿಳಿ ಅನ್ನದ ಬಟ್ಟಲು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

"ಅಯ್ಯೋ ಆಂಟೀ, ನೀವಾ! ಇಲ್ಲಿ ನಮಗೆ ತಿನ್ನೋಕೆ ಏನಾದ್ರೂ ಸಿಗುತ್ತಾ? ಹಸಿವು ಆಂಟೀ, ಸಾಯ್ತಿದೀನಿ," ಅಂದವಳೇ ಕೌಂಟರಿಗೆ ಹೋಗಿ ಬೆರಳಿಟ್ಟಳು. "ಇದು ಬದನೆಕಾಯಿ, ಬೆಂಡೆಕಾಯಿ, ಹಾಗಲಕಾಯಿ. ಪ್ಯೂರ್ ವೆಜ್, ಅಲ್ವಾ?"

ತರಕಾರಿಯೇನೋ ಹೌದು. ಆದರೆ ಒಗ್ಗರಣೆಯ ಬದಲು ಅದಕ್ಕೆ ಸೀಗಡಿಯನ್ನು ಉಪ್ಪಿನಲ್ಲಿ ಕೊಳೆಸಿದ ಗೊಜ್ಜು ಹಾಕುತ್ತಾರೆ. ಅದರಲ್ಲಿ ಸೀಗಡಿ ಇದೆ ಅಂದರೆ, ನಿಮಗೆ ಹೇಗೆ ಗೊತ್ತು ಅನ್ನುತ್ತಾಳೆ. ಸುಮ್ಮನಿದ್ದರೆ, ಏಕಾದಶಿಗೆ ನೀರೂ ಮುಟ್ಟದ ಹುಡುಗಿ ಸೀಗಡಿ ತಿನ್ನುತ್ತಾಳೆ. ಚಮಚ ಅವಳ ಬಾಯಿ ಹತ್ತಿರ ಹೋಗುತ್ತಿದೆ.

"ಬೇಡಮ್ಮಾ!" ಅಂತ ಕಿರುಚಿಬಿಟ್ಟೆ. ಎಲ್ಲರೂ ತಿರುಗಿದರು. "ವಾಯು. ಭಯಂಕರ ವಾಯು. ಹೋದ ಸಲ ನಾನು ತಿಂದು ಮೂರು ದಿನ ಮನೆಯಲ್ಲಿ ಯಾರೂ ಮಲಗಲಿಲ್ಲ."

ಅವಳು ಚಮಚ ಇಳಿಸಿ, ಒಣ ಅನ್ನವನ್ನೇ ತಿಂದು ಹೋದಳು. ಸಂಜೆಗೆಲ್ಲ ಇವರಿಗೆ ಫೋನು: "ಅಂಕಲ್, ಆಂಟಿ ಎಷ್ಟು ಮಡಿ! ಅಂಥ ಹೋಟೆಲಲ್ಲೂ ಬರೀ ಬಿಳಿ ಅನ್ನ ತಿಂತಿದ್ರು!"

ಇವರ ಎದೆ ಎರಡಂಗುಲ ಉಬ್ಬಿತು. "ಮುಂದಿನ ಗುರುವಾರ ಪೂಜೆ ಬೆಳಿಗ್ಗೆನೇ. ನಾನೂ ಬರ್ತೀನಿ ಕಣೇ. ನನ್ನ ಹೆಂಡತಿ ಮೀನಿನ ಮಧ್ಯೆ ಕೂತು ಬರೀ ಅನ್ನ ತಿನ್ನೋ ಜಾಗ ನಾನು ನೋಡಬೇಕು."

೫. ಹಪ್ಪಳ

ಬುಧವಾರವೇ ಮಾಲಕಿಗೆ ಫೋನು ಮಾಡಿದೆ. "ನಾಳೆ ನಾನು ಯಾರೋ, ನೀನು ಯಾರೋ."

"ಲೋಲಾ, ಎಷ್ಟು ವರ್ಷ ನರ್ಸಾಗಿದ್ದೆ ನಾನು! ಗಂಡಂದಿರಿಗೆ ಏನು ಹೇಳಬಾರದು ಅನ್ನೋದು ನನಗೆ ಕಲಿಸಬೇಕಾ?" ಅಂದಳು. ಅಣ್ಣನಿಗೆ ಹೇಳಲು ಮಾತ್ರ ಮರೆತಳು.

ಗುರುವಾರ ನಮ್ಮಿಬ್ಬರ ಮುಂದೆ ಎರಡು ಬಟ್ಟಲು ಅನ್ನ, ಒಂದು ತಟ್ಟೆ ಕರಿದ ಬಾಳೆಹಣ್ಣು. ಮಾಲಕಿ ನಾಟಕದ ಪಾತ್ರಧಾರಿಯ ಹಾಗೆ, "ಹೋದ ವಾರ ಬರೀ ಅನ್ನ ತಿಂದಿದ್ದು ನೀವೇ ಅಲ್ವಾ ಮೇಡಮ್?" ಅಂತ ಎರಡು ಸಲ ಕೇಳಿದಳು. ನಾನು ಎರಡು ಸಲ ಹೌದು ಅಂದೆ.

ಅಷ್ಟರಲ್ಲಿ ಒಳಗೆ ಅಣ್ಣ ತನ್ನ ಊಟಕ್ಕೆಂದು ಒಣಮೀನು ಎಣ್ಣೆಗೆ ಬಿಟ್ಟ. ಚೊಂಯ್ ಅಂತ ಸದ್ದು. ಹಿಂದೆಯೇ ಆ ವಾಸನೆ! ಕುಂದಾಪುರದವಳು ನಾನು, ನನಗೇ ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವರು ಕೆಮ್ಮುತ್ತ ಕೋಟು ಹಾಕಿಕೊಂಡರು. ಮಾಲಕಿ ಓಡಿಹೋಗಿ ಬೀದಿ ಬಾಗಿಲು ತೆರೆದು, ಮುಚ್ಚದಂತೆ ಕುರ್ಚಿ ಅಡ್ಡ ಇಟ್ಟಳು. ಮುಗಿಯಿತು, ಇವರು ಎದ್ದು ಹೋಗುತ್ತಾರೆ, ಇನ್ನೆಂದೂ ಇತ್ತ ಬಿಡುವುದಿಲ್ಲ ಅಂತ ನಾನು ಕಣ್ಣು ಮುಚ್ಚಿದೆ.

"ಆಹಾ!" ಅಂದರು ಇವರು, ಎದೆ ತುಂಬ ಉಸಿರೆಳೆದು. "ಹಪ್ಪಳ ಕರೀತಿದಾರೆ ಕಣೇ. ಉದ್ದಿನ ಹಪ್ಪಳ. ಇಂಗು ಒಂಚೂರು ಜಾಸ್ತಿ ಆಯ್ತು."

ಕಣ್ಣು ಬಿಟ್ಟೆ. ಇವರ ಮುಖದಲ್ಲಿ ತಮಾಷೆಯ ಸುಳಿವಿಲ್ಲ. ಮೇಜಿನ ಮೇಲಿದ್ದ ಸೀಗಡಿ ಗೊಜ್ಜಿನ ಬಾಟಲಿಯ ಮುಚ್ಚಳ ತೆಗೆದು, ಅದನ್ನು ಇವರ ಮೂಗಿನ ಕೆಳಗೆ ಹಿಡಿದೆ. ಸತ್ತವರೂ ಎದ್ದು ಕೂರುವ ವಾಸನೆ.

"ಕಣ್ಣು ಮುಚ್ಚಿ. ಇದೇನು ಹೇಳಿ."

"ಪರೀಕ್ಷೆ ಮಾಡ್ತೀಯಾ ನನ್ನನ್ನ? ಮಾವಿನಕಾಯಿ. ಎಳೇದು."

"ರೀ," ಅಂದೆ ಮೆಲ್ಲಗೆ. "ಎಷ್ಟು ದಿನ ಆಯ್ತು?"

ಇವರು ಬಾಳೆಹಣ್ಣಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಆ ಕೊರೋನಾ ಜ್ವರ ಬಂತಲ್ಲ, ಆವತ್ತಿಂದ. ವಾಪಸ್ ಬರುತ್ತೆ ಅಂತ ದಿನಾ ಕಾಫಿ ಡಬ್ಬಿ ತೆಗೆದು ನೋಡ್ತೀನಿ. ನನ್ನ ಹತ್ರ ಇದ್ದಿದ್ದೇ ಅದೊಂದು ಕಣೇ. ಅದೂ ಹೋಯ್ತು ಅಂತ ಹೇಗೆ ಹೇಳಲಿ?"

ಅವರ ಕೈ ಹಿಡಿದುಕೊಂಡೆ. ಸರಿಯಾಗಿ ಆಗಲೇ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಅಣ್ಣ ಬಂದ, ಕೈಯಲ್ಲಿ ಮೊಳದುದ್ದದ ಹುರಿದ ಹೂಮೀನು.

"ಲೋಲಾ! ಇವತ್ತು ಯಾಕೆ ಬರೀ ಅನ್ನ? ತಗೋ, ಯಾವಾಗಲೂ ನಿನಗೆ ಮಾಡೋ ಹಾಗೇ, ಮುಳ್ಳು ಸಮೇತ!"

ಮಾಲಕಿ ತಲೆಯ ಮೇಲೆ ಕೈಹೊತ್ತಳು. ಇವರು ಮೀನನ್ನು ತಲೆಯಿಂದ ಬಾಲದವರೆಗೆ ನೋಡಿದರು. ಆಮೇಲೆ ನನ್ನನ್ನು.

"ಯಾವಾಗಲೂ?"

"ಮೂರು ವರ್ಷದಿಂದ," ಅಂದೆ. "ಅದಕ್ಕೆ ಮುಂಚೆ ನಲವತ್ತು ವರ್ಷ ಮುಟ್ಟಿಲ್ಲ ರೀ. ದೇವರಾಣೆ."

ಅಣ್ಣ ತಟ್ಟೆಯನ್ನು ಮೆಲ್ಲಗೆ ನನ್ನ ಮುಂದಿಟ್ಟ. ಇವರ ಮುಖ ಬಾಡುವುದನ್ನು ನೋಡಲಾರದೆ ನಾನು ಮೀನಿನ ಮುಖ ನೋಡುತ್ತ ಕೂತೆ.

"ನಲವತ್ತು ವರ್ಷ ಬಿಟ್ಟಿದ್ದೆ ತಾನೆ?" ಅಂದರು ಕೊನೆಗೆ. "ಹಾಗಾದ್ರೆ ನಾನು ಹೇಳೋದು ಸುಳ್ಳಲ್ಲ. ಬಿಟ್ಟಳು ಅಂತಷ್ಟೇ ಹೇಳ್ತೀನಿ. ಆಮೇಲಿನದು ನಾನು ಹೇಳಲ್ಲ. ನೀನು ಮೂಗಿನದು ಹೇಳಬೇಡ. ತಿನ್ನು, ಆರಿಹೋಗುತ್ತೆ."

ಅಳುತ್ತಲೇ ಮೊದಲ ಮುಳ್ಳು ತೆಗೆದೆ. ಇವರು ನನ್ನ ಬೆರಳನ್ನೇ ನೋಡುತ್ತಿದ್ದರು.

"ಅಲ್ವೇ, ನನಗೇನೋ ಮೂಗಿಲ್ಲ. ಮನೆಗೆ ಬರೋರಿಗಾದ್ರೂ ಗೊತ್ತಾಗಬೇಕಿತ್ತಲ್ಲ. ಕೈಗೆ ಏನು ಹಚ್ಚುತ್ತಿದ್ದೆ?"

"ಕಾಫಿಪುಡಿ."

"ಯಾವ ಕಾಫಿಪುಡಿ?"

ನಾನು ಎರಡನೆಯ ಮುಳ್ಳು ಹುಡುಕತೊಡಗಿದೆ.

"ನನ್ನ ಪೀಬರೀನಾ?" ಕುರ್ಚಿ ಹಿಂದಕ್ಕೆ ಬಿತ್ತು. ಮೀನಿಗೆ ಅಲುಗದ ಮನುಷ್ಯ ಎದ್ದು ನಿಂತಿದ್ದರು. "ಎಲ್ಲಿಟ್ಕೊಂಡು ತರ್ತಿದ್ದೆ?"

"ಮಾತ್ರೆ ಡಬ್ಬೀಲಿ. ಗುರುವಾರದ ಖಾನೇಲಿ."

ಇವರು ನಿಧಾನವಾಗಿ ಬಗ್ಗಿ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು.

"ಅಯ್ಯೋ, ಹೇಳಬಾರದಿತ್ತು ಕಣೇ," ಅಂದರು. "ಮತ್ತೆ ನೋಯ್ತಿದೆ."