ಸರಾಸರಿ ಒಂದೂಕಾಲು ಮಂದಿ

ನಮ್ಮ ಕಚೇರಿಯ ಮೆಟ್ಟಿಲಿನಿಂದ ವರ್ಷಕ್ಕೆ ಸರಾಸರಿ ಒಂದೂಕಾಲು ಮಂದಿ ಬೀಳುತ್ತಾರೆ. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಸಾಹೇಬರ ಸಹಿ, ಮೊಹರು ಎರಡೂ ಇರುವ ಸುತ್ತೋಲೆಯಲ್ಲಿ ಹೀಗೆಂದು ಅಚ್ಚಾಗಿದೆ. ನಮ್ಮದು ತೂಕ ಮತ್ತು ಅಳತೆ ಕಚೇರಿ. ಅಂಗಡಿಯವರ ತಕ್ಕಡಿ, ತೂಕದ ಬಟ್ಟು, ಮೀಟರು, ಲೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವರು ನಾವು. ಹೀಗಾಗಿ ನಮ್ಮಲ್ಲಿ ಒಂದೂಕಾಲು ಎಂದರೆ ಒಂದೂಕಾಲೇ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ.

ಸುತ್ತೋಲೆ ಬರುವ ಮುಂಚೆಯೂ ಜನ ಬೀಳುತ್ತಿದ್ದರು. ಆದರೆ ಬರೀ ಬೀಳುತ್ತಿದ್ದರು. ಬಿದ್ದು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ, ಎದ್ದು, ಮೊಣಕಾಲಿಗೆ ಔಷಧಿ ಹಚ್ಚಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ತಾವೊಂದು ಅಂಕಿಅಂಶ ಎಂಬ ಅರಿವು ಪಾಪ, ಅವರಿಗಿರಲಿಲ್ಲ. ಬೀಳುವ ಜಾಗ ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲು ತಿರುಗುವ ಕಡೆ ಒಂದು ಕಲ್ಲು ಸಡಿಲವಾಗಿದೆ. ಕಾಲಿಟ್ಟರೆ ಮಕ್ಕಳ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತದೆ. ನೆನಪಿದ್ದವರು ದಾಟಿಕೊಂಡು ಹೋಗುತ್ತಿದ್ದರು, ಮರೆತವರು ಬೀಳುತ್ತಿದ್ದರು.

ನಮ್ಮ ಸಾಹೇಬರು ಒಳ್ಳೆಯ ಮನುಷ್ಯರು. 'ದೈನಂದಿನ ಜೀವನದ ಅಪಾಯಗಳ ಅಂದಾಜು' ಎಂಬ ತರಬೇತಿಗೆ ಹೋಗಿ ಬಂದ ಮೇಲೆ ಇನ್ನೂ ಒಳ್ಳೆಯವರಾದರು. ಹಳೆಯ ರಜಾ ಅರ್ಜಿಗಳನ್ನೆಲ್ಲ ತರಿಸಿ, ಬಿದ್ದವರನ್ನು ಕೂಡಿಸಿ, ವರ್ಷಗಳಿಂದ ಭಾಗಿಸಿ, ಬಂದ ಒಂದೂಕಾಲನ್ನು ಮೇಲಿನ ಕಚೇರಿಗೆ ಕಳಿಸಿದರು. ಅಲ್ಲಿಂದ ಮೆಚ್ಚುಗೆ ಪತ್ರ ಬಂತು. ಆಗ ಕಾಂಪೌಂಡು ಗೋಡೆಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿಯೊಬ್ಬ, ಅರ್ಧ ಬಾಣಲೆ ಸಿಮೆಂಟು ಉಳಿದಿದೆ, ಆ ಕಲ್ಲಿಗೂ ಹಾಕಿಬಿಡಲಾ ಎಂದು ಕೇಳಿದ. ಸಾಹೇಬರು ಅವನನ್ನು ಮೃದುವಾಗಿ ತಡೆದರು. ತೂಗುತ್ತಿರುವಾಗ ತಕ್ಕಡಿ ಮುಟ್ಟಬಾರದು ಎಂಬುದು ನಮ್ಮ ಇಲಾಖೆಯ ಮೊದಲ ಪಾಠ. ಅಂಕಿ ಮೇಲೆ ಹೋಗಿದೆ, ಈಗ ಕಲ್ಲು ಗಟ್ಟಿಯಾದರೆ ಅಂಕಿ ಸುಳ್ಳಾಗುತ್ತದೆ.

ವರ್ಷದ ಕೊನೆ ಹತ್ತಿರ ಬಂದಾಗ ನಾನೇ ಹೋಗಿ ಸಾಹೇಬರಿಗೆ ಸಂತೋಷದ ಸುದ್ದಿ ಎಂದುಕೊಂಡು ಹೇಳಿದೆ, ಈ ವರ್ಷ ಇನ್ನೂ ಯಾರೂ ಬಿದ್ದಿಲ್ಲ ಎಂದು. ಸಾಹೇಬರ ಮುಖ ಇಳಿದುಹೋಯಿತು. ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ಆ ಒಂದೂಕಾಲು ಎಲ್ಲಿ ಹೋಯ್ತು?" ಎಂದರು. "ಹನ್ನೆರಡು ತಿಂಗಳಿಗೆ ಹಂಚಿಹೋಗಬೇಕಾಗಿದ್ದ ಅಪಾಯ ಕಣ್ರೀ ಅದು. ಈಗ ಉಳಿದಿರೋ ನಾಲ್ಕು ವಾರದಲ್ಲಿ ಪೂರ್ತಿ ಬಂದು ಕೂತಿದೆ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?"

ಅಂದು ನಾನು ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದೆ. ಮರುದಿನವೇ ಸೂಚನಾ ಫಲಕದ ಮೇಲೆ ಪ್ರಕಟಣೆ ಅಂಟಿಸಿದರು:

"ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರಸಕ್ತ ಸಾಲಿನಲ್ಲಿ ಬೀಳಬೇಕಾದವರು ಇನ್ನೂ ಬೀಳದೆ ಬಾಕಿ ಉಳಿದಿರುತ್ತಾರೆ. ಮೆಟ್ಟಿಲು ಬಳಸುವವರು ಇದನ್ನು ಗಮನದಲ್ಲಿಟ್ಟುಕೊಂಡು ಬಳಸತಕ್ಕದ್ದು. ಬಿದ್ದಲ್ಲಿ ಕೂಡಲೇ ವರದಿ ಮಾಡತಕ್ಕದ್ದು. ಬೀಳದಿದ್ದಲ್ಲಿ ಕಾರಣ ಕೊಡತಕ್ಕದ್ದು."

ಅಲ್ಲಿಂದ ಕಚೇರಿಯಲ್ಲಿ ಯಾರೂ ಸುಮ್ಮನೆ ಮೆಟ್ಟಿಲು ಹತ್ತಲಿಲ್ಲ. ಕೆಲವರು ಕೂತುಕೊಂಡು, ಒಂದೊಂದೇ ಮೆಟ್ಟಿಲಿಗೆ ಹಿಂದುಹಿಂದಾಗಿ ಏರಿದರು. ಮೇಲಿನ ಫೈಲುಗಳು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕೆಳಗಿಳಿದವು, ಕೆಳಗಿನ ಟೀ ಅದೇ ಬುಟ್ಟಿಯಲ್ಲಿ ಮೇಲೆ ಹೋಗಿ ಅರ್ಧ ಫೈಲುಗಳ ಮೇಲೆ ಚೆಲ್ಲಿತು. ನಾನು ದಿನಾ ಬಸ್ಸಿನ ಬಾಗಿಲಲ್ಲಿ ಒಂದು ಕಾಲೂರಿ, ಇನ್ನೊಂದು ಕಾಲನ್ನು ಗಾಳಿಗೆ ಬಿಟ್ಟು, ನೇತಾಡಿಕೊಂಡು ಕಚೇರಿಗೆ ಬರುವವನು. ಓಡುವ ಬಸ್ಸಿನಿಂದಲೇ ಇಳಿಯುತ್ತೇನೆ. ಅದರ ಬಗ್ಗೆ ಸುತ್ತೋಲೆ ಇಲ್ಲವಾದ್ದರಿಂದ ಅಲ್ಲಿ ನನಗೆ ಹೆದರಿಕೆಯಾಗಲಿಲ್ಲ.

ಈ ಕಷ್ಟಕಾಲದಲ್ಲಿ ಎಲ್ಲರ ಕಣ್ಣು ಬಿದ್ದಣ್ಣನ ಮೇಲೆ ಬಿತ್ತು. ಬಿದ್ದಣ್ಣ ಟಪಾಲು ವಿಭಾಗದವನು. ಹಿಂದೆ ಬಿದ್ದವರಲ್ಲಿ ವರ್ಗವಾಗದೆ ಇಲ್ಲೇ ಉಳಿದವನು ಅವನೊಬ್ಬನೇ. ಎರಡು ವರ್ಷದ ಹಿಂದೆ ಲಕೋಟೆಗಳ ಕಟ್ಟಿನ ಸಮೇತ ಅದೇ ಕಲ್ಲಿನಿಂದ ಜಾರಿ, ಕೆಳಗಿನವರೆಗೂ ಬಂದಿದ್ದ. ಅವನ ನಿಜವಾದ ಹೆಸರು ಅಂದೇ ಮರೆತುಹೋಯಿತು. ಒಮ್ಮೆ ಬಿದ್ದವನ ಪಾಲು ಮುಗಿದಿದೆ, ಇನ್ನವನು ಬೀಳಲಾರ, ಅವನ ಕೈ ಹಿಡಿದವರೂ ಬೀಳಲಾರರು ಎಂದು ಎಲ್ಲರೂ ಒಪ್ಪಿದರು. ಮೊದಲೆರಡು ದಿನ ಬಿದ್ದಣ್ಣ ಉಚಿತವಾಗಿ ಕೈ ಕೊಟ್ಟ. ಮೂರನೇ ದಿನದಿಂದ ಹತ್ತಿಸಲು ಒಂದು ಟೀ, ಇಳಿಸಲು ಟೀ ಜೊತೆ ಬಿಸ್ಕತ್ತು ಎಂದು ನಿಗದಿ ಮಾಡಿದ. ಇಳಿಯುವುದು ಹೆಚ್ಚು ಅಪಾಯವಲ್ಲವೇ, ಹಾಗಾಗಿ ಯಾರೂ ತಕರಾರು ಎತ್ತಲಿಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಕ್ಕಳು. "ಎಡವಿದ ಕಾಲೇ ಎಡವೋದು ಅಂತಾರೆ. ನೀವು ಹುಡುಕಿಕೊಂಡು ಹೋಗಿ ಅಂಥವನ ಕೈಯೇ ಹಿಡೀತೀರಲ್ರೀ" ಎಂದಳು. ಗಾದೆಗಳಿಗೆ ಕಡತ ಸಂಖ್ಯೆ ಇರುವುದಿಲ್ಲ, ಅವುಗಳನ್ನು ಆಧಾರವಾಗಿ ತೆಗೆದುಕೊಳ್ಳಲು ಬರುವುದಿಲ್ಲ ಎಂದು ವಿವರಿಸಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಆದರೆ ಟೀಗೂ ಒಂದು ಮಿತಿ ಉಂಟು. ಸಾಹೇಬರು ಸಭೆ ಕರೆದರು. ಯಾರಾದರೊಬ್ಬರು ದೊಡ್ಡ ಮನಸ್ಸು ಮಾಡಿ ಬಿದ್ದುಬಿಟ್ಟರೆ ಬಾಕಿ ಚುಕ್ತಾ ಆಗಿ ಉಳಿದವರೆಲ್ಲ ನಿಶ್ಚಿಂತೆಯಿಂದ ಓಡಾಡಬಹುದು ಎಂಬುದು ಸಭೆಯ ಒಮ್ಮತ. ನಿಯಮಗಳನ್ನು ಅಲ್ಲೇ ಮಾಡಿದೆವು. ಬೀಳುವವರು ಖಾಯಂ ನೌಕರರಾಗಿರಬೇಕು. ಹಂಗಾಮಿಯವರು ಎಷ್ಟು ಬಿದ್ದರೂ ಲೆಕ್ಕಕ್ಕಿಲ್ಲ. ಕೆಳಗೆ ಹಾಸಿಗೆ ಹಾಕಕೂಡದು, ಹಾಕಿದರೆ ಅದು ಮಲಗಿದಂತಾಗುತ್ತದೆ. ಬೀಳಲು ದೇಹ ಸಮರ್ಥವಾಗಿದೆ ಎಂದು ವೈದ್ಯರಿಂದ ಪ್ರಮಾಣಪತ್ರ ತರಬೇಕು. ಬೀಳುವಾಗ ಆಶ್ಚರ್ಯ ವ್ಯಕ್ತಪಡಿಸಬೇಕು, ಇಲ್ಲವಾದರೆ ಅದು ಅಪಘಾತ ಎನಿಸಿಕೊಳ್ಳುವುದಿಲ್ಲ. ಉಳಿಯುವ ಕಾಲು ಭಾಗಕ್ಕೆ ಮತ್ತೊಬ್ಬರು ಬೀಳದೆ ಬರೀ ಮುಗ್ಗರಿಸಿದರೆ ಸಾಕು. ಯಾರು ಬೀಳಬೇಕು ಎಂಬ ಪ್ರಶ್ನೆ ಬಂದಾಗ ಎಂದಿನಂತೆ ಜ್ಯೇಷ್ಠತೆಯ ಪ್ರಕಾರ ಎಂದು ತೀರ್ಮಾನವಾಯಿತು.

ಇಲ್ಲಿ ನನ್ನ ಒಂದು ಹಳೆಯ ವ್ಯಾಜ್ಯ ಹೇಳಬೇಕು. ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹಳಬರಾದ ನಾನೂ ನನ್ನ ಪಕ್ಕದ ಮೇಜಿನವರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಮೊದಲು ಸಹಿ ಹಾಕಿದ್ದು ನಾನು, ಮೊದಲು ಬಾಗಿಲು ದಾಟಿದ್ದು ಅವರು. ಯಾರು ಹಿರಿಯ ಎಂದು ವರ್ಷಗಟ್ಟಲೆ ಅರ್ಜಿ, ಮರು ಅರ್ಜಿ, ಮೇಲ್ಮನವಿ ನಡೆದಿದೆ. ಹಿರಿಯನಾದವನಿಗೆ ಮುಂದಿನ ಬಡ್ತಿ, ಕಿಟಕಿ ಪಕ್ಕದ ಮೇಜು. ನನ್ನ ಜೀವನದಲ್ಲಿ ನಾನು ಬೇಡಿದ್ದು ಅದೊಂದನ್ನೇ. ಆ ದಿನ ಪಕ್ಕದ ಮೇಜಿನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟರು.

"ಸತ್ಯಾನ ಎಷ್ಟು ದಿನ ಅಂತ ಮುಚ್ಚಿಡೋದು? ಇವರೇ ಹಿರಿಯರು. ನಾನು ಇವರ ಮುಂದೆ ಮಗು."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿ ಬಂತು. ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನನ್ನು ಮೊದಲಿಗೆ ಹಾಕಿ ಸಾಹೇಬರು ಅಲ್ಲೇ ಸಹಿ ಮಾಡಿದರು. ಬೀಳಬೇಕಾದವನು ನಾನು ಎಂದು ಹೊಳೆದದ್ದು ಚಪ್ಪಾಳೆ ನಿಂತ ಮೇಲೆ.

ಮನೆಗೆ ಹೋಗಿ, ನಾನು ಹಿರಿಯನಾದೆ ಎಂದೆ. ಹೆಂಡತಿಗೂ ಖುಷಿಯಾಯಿತು. ಹಿರಿಯರಾದವರು ಏನು ಮಾಡಬೇಕು ಎಂದು ಕೇಳಿದಳು. ಮುಂದಿನ ವಾರ ಮೆಟ್ಟಿಲಿನಿಂದ ಬೀಳಬೇಕು ಎಂದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಕಾಲು ಮುರಿದ್ರೆ?"

"ಅದಕ್ಕೂ ಲೆಕ್ಕ ಇದೆ. ಬಿದ್ದವರಲ್ಲಿ ಆರು ಜನಕ್ಕೆ ಒಬ್ಬರ ಕಾಲು ಮುರಿಯುತ್ತಂತೆ. ಅಂದ್ರೆ ನನ್ನ ಕಾಲಲ್ಲಿ ಆರನೇ ಒಂದು ಭಾಗ ಮಾತ್ರ ಮುರಿಯುತ್ತೆ."

"ರೀ, ಆ ಕಲ್ಲಿಗೆ ಒಂದಿಷ್ಟು ಸಿಮೆಂಟು ಹಾಕೋಕೆ ನಿಮ್ಮಲ್ಲಿ ಯಾರಿಗೂ ಕೈಯಿಲ್ವಾ?"

ಅವಳಿಗೆ ಇಲಾಖೆಯ ರೀತಿನೀತಿ ಗೊತ್ತಿಲ್ಲ. ನಾನು ಧೈರ್ಯವಾಗಿ ಮಾತಾಡಿದೆನೇ ಹೊರತು, ನಿಜ ಹೇಳಬೇಕೆಂದರೆ ನನಗೆ ಬಹಳ ಭಯವಾಗಿತ್ತು. ಊಟ ಸೇರಲಿಲ್ಲ. ಸ್ನಾನ ಮಾಡುವಾಗ ಎರಡೂ ಕಾಲುಗಳನ್ನು ನೋಡಿಕೊಂಡು, ಇಷ್ಟು ವರ್ಷ ಇವಕ್ಕೆ ಒಂದು ಒಳ್ಳೆಯ ಮಾತೂ ಆಡಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡೆ.

ಸೋಮವಾರ ಕಚೇರಿಗೆ ಹೋಗಿ, ಅಭ್ಯಾಸ ಆಗಲೆಂದು ಆ ಕಲ್ಲಿನ ಮೇಲೆ ಮೆಲ್ಲಗೆ ಕಾಲಿಟ್ಟೆ. ಅಲ್ಲಾಡಲಿಲ್ಲ. ಗಟ್ಟಿಯಾಗಿ ತುಳಿದೆ. ಬಂಡೆಯ ಹಾಗೆ ನಿಂತಿತ್ತು. ಸುತ್ತ ಹಸಿ ಸಿಮೆಂಟಿನ ಗುರುತಿತ್ತು. ವಿಚಾರಿಸಿದರೆ, ಭಾನುವಾರ ನನ್ನ ಹೆಂಡತಿ ಕಾಂಪೌಂಡು ಗೋಡೆಯ ಆ ಮೇಸ್ತ್ರಿಯನ್ನು ಕರೆದುಕೊಂಡು ಬಂದು, ಕಾವಲುಗಾರನನ್ನು ಗದರಿಸಿ ಒಳಗೆ ಹೋಗಿ, ಕೆಲಸ ಮುಗಿಸಿ ಹೋಗಿದ್ದಳು. ಒಂದು ಕ್ಷಣ ನನಗೆ ಕುಣಿಯಬೇಕೆನಿಸಿತು. ಆಮೇಲೆ ನಾನು ಹಿರಿಯ ಎಂಬುದು ನೆನಪಾಗಿ ಸಾಹೇಬರಿಗೆ ವರದಿ ಮಾಡಿದೆ.

ಕಚೇರಿಯಲ್ಲಿ ಹಾಹಾಕಾರ. ಪಕ್ಕದ ಮೇಜಿನವರು ಬಿಳಿಚಿಕೊಂಡರು. ಇಷ್ಟು ದಿನ ಎಲ್ಲಿ ಬೀಳುತ್ತೇವೆ ಎಂದಾದರೂ ಗೊತ್ತಿತ್ತು, ಈಗ ಒಂದೂಕಾಲು ಅಪಾಯ ಯಾವ ಮೆಟ್ಟಿಲಿಗೆ ಹೋಗಿ ಕೂತಿದೆಯೋ ಹೇಳುವವರು ಯಾರು ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಸಾಹೇಬರು ಅದನ್ನು ಅನಧಿಕೃತ ದುರಸ್ತಿ ಎಂದು ಘೋಷಿಸಿ, ಕಲ್ಲನ್ನು ಪೂರ್ವಸ್ಥಿತಿಗೆ ತರಲು ಆದೇಶಿಸಿದರು. ಅದೇ ಮೇಸ್ತ್ರಿಗೆ ಹೇಳಿಕಳಿಸಿದೆವು. ಅವನು ಆದೇಶ ಓದಿಸಿಕೊಂಡು, ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿ, ಗಟ್ಟಿ ಮಾಡೋದು ಸುಲಭ ಸ್ವಾಮಿ, ಅಳತೆಗೆ ಸರಿಯಾಗಿ ಸಡಿಲ ಮಾಡೋದು ನಾಜೂಕಿನ ಕೆಲಸ ಎಂದು ಮೂರರಷ್ಟು ಕೂಲಿ ಕೇಳಿದ. ಮಂಜೂರಾಯಿತು. ಕೆಲಸ ಮುಗಿದ ಮೇಲೆ ನಮ್ಮ ಪರೀಕ್ಷಕರು ಉಪಕರಣ ತಂದು ಅಲುಗಾಟವನ್ನು ಅಳೆದು, ಹಿಂದಿನಷ್ಟೇ ಇದೆ ಎಂದು ಖಚಿತಪಡಿಸಿಕೊಂಡು ಕಲ್ಲಿನ ಮೂಲೆಗೆ ಇಲಾಖೆಯ ಮುದ್ರೆ ಒತ್ತಿದರು.

ಬೀಳುವ ದಿನ ಎಲ್ಲರೂ ಸೇರಿದ್ದರು. ಹೆಂಡತಿ ಕೆಳಗೆ ಬಾಗಿಲ ಬಳಿ ಸೆರಗು ಬಿಗಿದುಕೊಂಡು ನಿಂತಿದ್ದಳು. ನಾನು ವೈದ್ಯರ ಪ್ರಮಾಣಪತ್ರ ಸಲ್ಲಿಸಿ, ಕಲ್ಲಿನ ಮೇಲೆ ಕಾಲಿಟ್ಟು, ನಿಯಮದಂತೆ ಆಶ್ಚರ್ಯ ವ್ಯಕ್ತಪಡಿಸಿ ಬಿದ್ದೆ. ಬಲಗಾಲು ಮುರಿಯಿತು, ಅದೂ ಪೂರ್ತಿಯಾಗಿ. ಉಳಿದ ಐದು ಜನರ ಪಾಲೂ ನನಗೇ ಬಂದಿರಬೇಕು. ನನ್ನನ್ನು ಎತ್ತುವಷ್ಟರಲ್ಲಿ ಪಕ್ಕದ ಮೇಜಿನವರು ಅಂದವಾಗಿ ಒಮ್ಮೆ ಮುಗ್ಗರಿಸಿ, ಉಳಿದ ಕಾಲು ಭಾಗವನ್ನು ತೀರಿಸಿ, ಅರ್ಧ ದಿನದ ರಜೆ ಹಾಕಿ ಮನೆಗೆ ಹೋದರು.

ಅಂದಿನಿಂದ ಕಚೇರಿಗೆ ನೆಮ್ಮದಿ ಬಂತು. ಬಾಕಿ ತೀರಿತಲ್ಲ, ಎಲ್ಲರೂ ಫೈಲು ಓದಿಕೊಂಡು, ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿಯತೊಡಗಿದರು. ಆ ವಾರದಲ್ಲೇ ಮೂವರು ಬಿದ್ದರು. ಈ ವರ್ಷದ ಲೆಕ್ಕ ಮುಗಿದಿದ್ದ ಕಾರಣ ಅವರನ್ನು ಮುಂದಿನ ವರ್ಷದ ಮುಂಗಡ ಎಂದು ಬರೆದುಕೊಂಡರು. ನಾನು ಹಾಸಿಗೆಯಲ್ಲಿದ್ದಾಗ ಪಕ್ಕದ ಮೇಜಿನವರು ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. ದೀರ್ಘ ರಜೆಯ ಅವಧಿ ಜ್ಯೇಷ್ಠತೆಗೆ ಸೇರುವುದಿಲ್ಲವಾದ್ದರಿಂದ ಸದ್ಯಕ್ಕೆ ತಾವೇ ಹಿರಿಯರಾಗಿರುವುದಾಗಿಯೂ, ಕಿಟಕಿ ಪಕ್ಕ ಗಾಳಿ ಚೆನ್ನಾಗಿ ಬರುತ್ತದೆಂದೂ ತಿಳಿಸಿದರು.

ಊರುಗೋಲು ಹಿಡಿದು ನಾನು ಕೆಲಸಕ್ಕೆ ಮರಳಿದ ದಿನ ಮೆಟ್ಟಿಲ ಬಳಿ ಸಾಲು ನಿಂತಿತ್ತು. ಹೊಸ ವರ್ಷದ ಬಾಕಿ ಶುರುವಾಗಿತ್ತು, ಮುಂಗಡವಾಗಿ ಬಿದ್ದ ಮೂವರನ್ನು ಮೇಲಿನ ಕಚೇರಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಿದ್ದಣ್ಣ ಬಿದ್ದದ್ದು ಹಳೆಯದಾಯಿತು, ನಿಯಮದಂತೆ ಹೊಸದಾಗಿ ಬಿದ್ದವನು ನಾನೊಬ್ಬನೇ. ಹಾಗಾಗಿ ಎಲ್ಲರೂ ನನ್ನ ಕೈ ಹಿಡಿದು ಹತ್ತಲು ಕಾದಿದ್ದರು. ನನ್ನನ್ನು ಬಿಡಲು ಬಂದಿದ್ದ ಹೆಂಡತಿ ಯಾರ ಕೈಯನ್ನೂ ಹಿಡಿಯದೆ, ಕಲ್ಲು ದಾಟಿ, ಮೇಲೆ ಹೋಗಿ ನನ್ನ ಊಟದ ಡಬ್ಬಿ ಇಟ್ಟು, ಹಾಗೆಯೇ ಇಳಿದು ಬಂದಳು. ಜನ ಉಸಿರು ಬಿಗಿಹಿಡಿದು ನೋಡಿದರು. ಆಕೆ ನಮ್ಮ ಸಿಬ್ಬಂದಿಯಲ್ಲ, ಸರಾಸರಿಯಲ್ಲಿ ಆಕೆಗೆ ಪಾಲಿಲ್ಲ, ಬೀಳಲು ಸಾಧ್ಯವೇ ಇಲ್ಲ ಎಂದು ಸಾಹೇಬರು ಸಮಾಧಾನ ಹೇಳಿದರು. ಅವಳು ನನ್ನ ಪಕ್ಕ ನಿಂತು, ಆ ಕಲ್ಲು ತುಳಿಯಬೇಡಿ, ದಾಟಿ ಹೋಗಿ ಎಂದಳು. ನಾನು ನಕ್ಕೆ. ನಾನು ಬಿದ್ದು ಮುಗಿಸಿದವನು. ಎಲ್ಲರಿಗೂ ಧೈರ್ಯ ಬರಲೆಂದು ಕಲ್ಲಿನ ನಡುಮಧ್ಯೆ ಕಾಲಿಟ್ಟೆ.

ಇದನ್ನು ಮನೆಯಿಂದಲೇ ಬರೆಯುತ್ತಿದ್ದೇನೆ. ಒಮ್ಮೆ ಬಿದ್ದವರು ಮತ್ತೆ ಬೀಳಲಾರರಾದ್ದರಿಂದ ಸದರಿ ದಿನ ನಾನು ಬಿದ್ದಿರುವುದಿಲ್ಲ ಎಂದು ಕಚೇರಿ ಲಿಖಿತವಾಗಿ ತಿಳಿಸಿದೆ. ನಾನೂ ಓದಿ ಒಪ್ಪಿ ಸಹಿ ಮಾಡಿ ಕಳಿಸಿದ್ದೇನೆ. ಇದನ್ನು ಇನ್ನೂ ಒಪ್ಪದಿರುವವರು ಇಬ್ಬರೇ, ನನ್ನ ಎಡಗಾಲು ಮತ್ತು ನನ್ನ ಹೆಂಡತಿ. ಇಬ್ಬರೂ ಖಾಯಂ ಸಿಬ್ಬಂದಿಯಲ್ಲ.